ನಮ್ಮೂರಲ್ಲಿ ಉಣ್ಣಲು ಏನಿದೆ?

ಈ ಶಿರೋನಾಮೆಯ ಪ್ರಶ್ನೆಯು ನನ್ನದಲ್ಲ. ಕೆಲವು ತಿಂಗಳುಗಳ ಹಿಂದೆ ಕವಿತಾಳದಲ್ಲಿ ಒಂದು ಸಾಹಿತ್ಯಗೋಷ್ಠಿಯನ್ನು ಕೂಡಿಸುವ ಸಿದ್ಧತೆ ನಡೆದಿತ್ತು. ಪರಸ್ಥಳದಿಂದ ಬರುವ ಅತಿಥಿಗಳ ಊಟದ ಮಾತು ಬಂದಾಗ, ಊರ ಖಾನಾವಳಿಯೊಂದಕ್ಕೆ ಹೇಳೋಣವೆಂದು ನಾನು ಸೂಚಿಸಿದೆನು. ಆಗ ಸುಶಿಕ್ಷಿತರಾದ ಒಬ್ಬ ತರುಣ ಮಿತ್ರರು ನಕ್ಕು, "ಮಾಸ್ತರೇ, ನಮ್ಮೂರಲ್ಲಿ ಉಣ್ಣಲು ಏನಿದೆ?" ಎಂದರು. ಸಭೆಯೂ ನಕ್ಕಿತು. ಊಟವು ದೂರದ ಪಟ್ಟಣದಿಂದ ಪೆಟ್ಟಿಗೆಗಳಲ್ಲಿ ಬಂದಿತು. ಹೊತ್ತು ಮೀರಿ ಬಂದಿತು, ತಣ್ಣಗಾಗಿ ಬಂದಿತು. ಅರ್ಧಕ್ಕರ್ಧ ಅನ್ನವು ದನಗಳ ಪಾಲಾಯಿತು. ಗೋಷ್ಠಿಯ ಸ್ಥಳದಿಂದ ನೂರು ಹೆಜ್ಜೆಯೊಳಗೆ ಒಬ್ಬ ತಾಯಿ ಆ ದಿನವೂ ಎಂದಿನಂತೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಅತಿಥಿಗಳಲ್ಲಿ ಇಬ್ಬರು ಗೋಷ್ಠಿಯ ನಡುವೆ ಮೆಲ್ಲನೆ ಎದ್ದುಹೋಗಿ ಅಲ್ಲಿ ಉಂಡು ಬಂದರೆಂಬುದು ನನಗೆ ಆಮೇಲೆ ತಿಳಿಯಿತು.

ಆ ನಗೆಗೆ ಉತ್ತರ ಕೊಡುವುದೇ ಈ ಲೇಖನದ ಉದ್ದೇಶವು. ಪಾಠಶಾಲೆಯಲ್ಲಿ ನಾವು ಕಲಿತ ಕ್ರಮದಂತೆ ಮೊದಲು ಪೂರ್ವಪಕ್ಷವನ್ನು ಎತ್ತಿ, ಬಳಿಕ ಸಿದ್ಧಾಂತವನ್ನು ಹೇಳುವೆನು.

ಮೊದಲನೆಯ ಪೂರ್ವಪಕ್ಷವು ಇದು: ನಮ್ಮಲ್ಲಿ ಹೆಸರು ಹೇಳುವಂಥ ತಿಂಡಿತೀರ್ಥವೇ ಇಲ್ಲ. ಬೆಂಗಳೂರಿನಲ್ಲಿ ೧೯೨೪ರ ಮಾವಳ್ಳಿ ಟಿಫಿನ್ ರೂಮು ಉಂಟು, ೧೯೪೩ರ ವಿದ್ಯಾರ್ಥಿ ಭವನವುಂಟು, ಧಾರವಾಡಕ್ಕೆ ಪೇಡೆ, ಗೋಕಾಕಕ್ಕೆ ಕರದಂಟು, ಬೆಳಗಾವಿಗೆ ಕುಂದಾ ಉಂಟು, ಕವಿತಾಳಕ್ಕೆ ಏನುಂಟು?

ಇದಕ್ಕೆ ಸಮಾಧಾನವು. ರಾಯಚೂರಿನಿಂದ ಸಿರವಾರದ ಮೇಲೆ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಯಾವ ಊರಿನಲ್ಲಾದರೂ ಬೆಳಿಗ್ಗೆ ಇಳಿದು ನೋಡಿರಿ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ ಹಸಿಮೆಣಸಿನಕಾಯಿಗಳ ಒಗ್ಗರಣೆಯಲ್ಲಿ ಕಲಸಿ, ಮೇಲೆ ಪುಟಾಣಿಯ ಹಿಟ್ಟನ್ನು ಉದುರಿಸಿ, ಬದಿಗೆ ಬಿಸಿ ಮಿರ್ಚಿ ಬಜ್ಜಿಯನ್ನು ಇಟ್ಟುಕೊಡುವರು. ಹೊಲಕ್ಕೆ ಹೋಗುವ ಕೂಲಿಯೂ, ಕಚೇರಿಗೆ ಹೋಗುವ ಗುಮಾಸ್ತನೂ ಒಂದೇ ಬೆಲೆಗೆ ಅದನ್ನು ತಿನ್ನುವರು. ಅದರ ಮೇಲೆ ಒಂದು ಚಹಾ. ಮಧ್ಯಾಹ್ನಕ್ಕೆ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮೊಸರು. ಎಳ್ಳಮಾವಾಸ್ಯೆಯ ಸುಮಾರಿಗಾದರೆ ಸಜ್ಜೆಯ ರೊಟ್ಟಿ. ಇವುಗಳನ್ನು "ಏನೂ ಇಲ್ಲ" ಎಂದು ಎಣಿಸುವ ಕಣ್ಣಿಗೆ ದೋಷವಿದೆಯೇ ಹೊರತು ಊರಿಗಲ್ಲ. ಪೇಡೆ ಕರದಂಟುಗಳು ಪೆಟ್ಟಿಗೆಯಲ್ಲಿ ಪರದೇಶಕ್ಕೂ ಹೋಗಬಲ್ಲವು, ಆದುದರಿಂದ ಹೆಸರಾದವು. ಬಿಸಿ ರೊಟ್ಟಿಯು ಹಂಚಿನಿಂದ ತಟ್ಟೆಗೆ ಬರುವಷ್ಟೇ ದೂರವನ್ನು ಕ್ರಮಿಸಬಲ್ಲುದು. ಅದನ್ನು ಉಣ್ಣಬೇಕಾದರೆ ನಾವೇ ಅಲ್ಲಿಗೆ ಹೋಗಬೇಕು.

ರೊಟ್ಟಿ ಬಡಿಯುವುದು ವಿದ್ಯೆಯಲ್ಲವೆಂದು ತಿಳಿದವರು ಒಮ್ಮೆ ಪ್ರಯತ್ನಿಸಿ ನೋಡಲಿ. ಗೋದಿಯ ಹಿಟ್ಟಿನಲ್ಲಿ ಅಂಟು ಸ್ವಭಾವತಃ ಉಂಟು. ಜೋಳದಲ್ಲಿ ಅದು ಇಲ್ಲ. ಕುದಿಯುವ ಎಸರನ್ನು ಹಾಕಿ ನಾದಿದಲ್ಲದೆ ಹಿಟ್ಟು ಕೂಡಿಬರುವುದಿಲ್ಲ. ಬೀಸಿ ಬಹುದಿನವಾದ ಹಿಟ್ಟು ಜಿಗಿಯನ್ನು ಕಳೆದುಕೊಂಡು ಅಂಚಿನಲ್ಲಿ ಸೀಳುವುದು. ಅಂಗೈಯ ಪೆಟ್ಟು ಒಂದೆಡೆ ಹೆಚ್ಚಾದರೆ ರೊಟ್ಟಿ ಹರಿಯುವುದು, ಕಡಿಮೆಯಾದರೆ ದಪ್ಪನಾಗಿ ಹಸಿಯಾಗಿ ಉಳಿಯುವುದು. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ನೀರು ಸವರಿ, ಆ ನೀರು ಆರುವ ಕ್ಷಣವನ್ನು ನೋಡಿ ಮಗುಚಬೇಕು. ಆಗಲೇ ಅದು ಉಬ್ಬುವುದು. ನಾನು ಮೂವತ್ತು ವರ್ಷ ಮಕ್ಕಳಿಗೆ ಸಂಧಿಸಮಾಸಗಳನ್ನು ಕಲಿಸಿದೆನು. ಒಂದು ರೊಟ್ಟಿಯನ್ನು ಉಬ್ಬಿಸಲು ಈವರೆಗೂ ಕಲಿಯಲಿಲ್ಲ.

ನಮ್ಮ ಪೂರ್ವಿಕರು ಪಾಕವನ್ನು ಹಗುರವಾಗಿ ಕಾಣಲಿಲ್ಲ. ಚಾಳುಕ್ಯರ ಕಾಲದಲ್ಲಿ, ಸುಮಾರು ೧೦೨೫ರಲ್ಲಿ, ಎರಡನೆಯ ಚಾವುಂಡರಾಯನು ತನ್ನ 'ಲೋಕೋಪಕಾರ'ದಲ್ಲಿ ಕೃಷಿ, ವೈದ್ಯ, ಜ್ಯೋತಿಷಗಳ ಪಕ್ಕದಲ್ಲಿಯೇ ಅಡುಗೆಗೂ ಸ್ಥಳ ಕೊಟ್ಟನು. ಕಲ್ಯಾಣದ ದೊರೆಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗಕ್ಕೆಂದೇ ಒಂದು ಪ್ರಕರಣವನ್ನಿಟ್ಟನು. ಮೂರನೆಯ ಮಂಗರಸನು ಹದಿನಾರನೆಯ ಶತಮಾನದಲ್ಲಿ 'ಸೂಪಶಾಸ್ತ್ರ'ವೆಂಬ ಗ್ರಂಥವನ್ನೇ ಕನ್ನಡ ಪದ್ಯದಲ್ಲಿ ರಚಿಸಿದನು. ರಾಜನೂ ಕವಿಯೂ ಲಜ್ಜೆಪಡದ ವಿಷಯಕ್ಕೆ ಪದವೀಧರನು ಲಜ್ಜೆಪಡುವುದು ವಿಚಿತ್ರವಲ್ಲವೆ?

ಎರಡನೆಯ ಪೂರ್ವಪಕ್ಷವು: ಇದು ಬಡವರ ಊಟ, ಅತಿಥಿಗಳಿಗೆ ಹಾಕತಕ್ಕುದಲ್ಲ.

ಈ ಮಾತು ಹೊಸದಲ್ಲ. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಯು ರಾಗಿಯನ್ನು ಹೀಗೆಯೇ ಹೀಯಾಳಿಸಿತು. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ಕೆಡದೆ ಉಳಿದ ರಾಗಿಯನ್ನು ಮೆಚ್ಚಿ, ತನ್ನ ಹೆಸರನ್ನೇ ಅದಕ್ಕೆ ಕೊಟ್ಟನೆಂಬ ಕಥೆಯನ್ನು ನಾವೆಲ್ಲರೂ ಬಲ್ಲೆವು. ಸಭೆಗಳಲ್ಲಿ ಅದರ ಮೇಲೆ ಉಪನ್ಯಾಸ ಮಾಡುವೆವು. ಉಪನ್ಯಾಸ ಮುಗಿದ ಮೇಲೆ ಪಟ್ಟಣದ ಪೆಟ್ಟಿಗೆಯ ಅನ್ನವನ್ನು ತರಿಸುವೆವು!

ಇಷ್ಟಕ್ಕೂ ಜೋಳವು ಈಗ ಬಡವರ ಊಟವಾಗಿ ಉಳಿದಿದೆಯೆ? ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದ ಮೇಲೆ ಎಡದಂಡೆಯ ಕಾಲುವೆಯ ನೀರು ಸಿಂಧನೂರು ಮಾನ್ವಿಗಳ ಎರೆಭೂಮಿಗೆ ಹರಿಯಿತು. ಜೋಳದ ಹೊಲಗಳು ಗದ್ದೆಗಳಾದುವು. ಅದರಿಂದ ಸಾವಿರಾರು ಕುಟುಂಬಗಳು ಉದ್ಧಾರವಾದುವೆಂಬುದನ್ನು ಅಲ್ಲಗಳೆಯುವ ಕೃತಘ್ನನು ನಾನಲ್ಲ. ೨೦೧೩ರಲ್ಲಿ ಅನ್ನಭಾಗ್ಯವು ಬಂದಾಗ ಒಲೆ ಹೊತ್ತದ ಮನೆಗಳಲ್ಲಿ ಒಲೆ ಹೊತ್ತಿದುದನ್ನೂ ನಾನು ಕಂಡಿರುವೆನು. ಆದರೆ ಪರಿಣಾಮವೇನು? ಬಡವನ ಮನೆಗೆ ಅಕ್ಕಿಯು ಬಂದಿತು. ಜೋಳವು ಕೊಂಡು ತಿನ್ನಬೇಕಾದ ಪದಾರ್ಥವಾಯಿತು. ವಿಶ್ವಸಂಸ್ಥೆಯು ೨೦೨೩ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲಂತೂ ನಗರದವರು ಅದೇ ಜೋಳವನ್ನು ಅಂದವಾದ ಚೀಲದಲ್ಲಿ ಹೆಚ್ಚಿನ ಬೆಲೆಗೆ ಕೊಳ್ಳತೊಡಗಿದರು. ನಮ್ಮ ತರುಣ ಮಿತ್ರರು ಬೆಂಗಳೂರಿಗೆ ಹೋದಾಗ "ಉತ್ತರ ಕರ್ನಾಟಕದ ಊಟ" ಎಂಬ ಫಲಕವನ್ನು ಹುಡುಕಿಕೊಂಡು ಹೋಗಿ, ಊರ ಬೆಲೆಯ ಹಲವು ಪಟ್ಟು ಕೊಟ್ಟು ಇದನ್ನೇ ಉಂಡು ಬರುವರು. ಅಲ್ಲಿ ಗೌರವ, ಇಲ್ಲಿ ಅಗೌರವ, ವಸ್ತುವೊಂದೇ. ಹಾಗಾದರೆ ದೋಷವು ವಸ್ತುವಿನಲ್ಲಿಲ್ಲವೆಂಬುದು ಸಿದ್ಧವಾಯಿತು.

ಮೂರನೆಯ ಪೂರ್ವಪಕ್ಷವು ಶುಚಿತ್ವದ್ದು. ಇದು ಗಟ್ಟಿಯಾದ ಆಕ್ಷೇಪವು. ಇದನ್ನು ಹಾರಿಸಿಬಿಡುವುದು ಪ್ರಾಮಾಣಿಕತೆಯಲ್ಲ. ಒಂದೇ ಎಣ್ಣೆಯನ್ನು ಕಪ್ಪಾಗುವವರೆಗೆ ಕಾಯಿಸುವ ಅಂಗಡಿಗಳುಂಟು. ಬಿಸಿ ಬಜ್ಜಿಯನ್ನು ಅಚ್ಚಿನ ಮಸಿಯ ಕಾಗದದಲ್ಲಿ ಸುತ್ತಿಕೊಡುವ ಪದ್ಧತಿಯುಂಟು. ಆ ಮಸಿಯು ಎಣ್ಣೆಯೊಡನೆ ಹೊಟ್ಟೆಗೆ ಸೇರಿ ಕೇಡು ಮಾಡುವುದೆಂದು ಆಹಾರ ಸುರಕ್ಷತೆಯ ಅಧಿಕಾರಿಗಳು ಎಚ್ಚರಿಸಿದ್ದಾರೆ. ನಮ್ಮ ಈ ಪತ್ರಿಕೆಯ ಹಳೆಯ ಪುಟಗಳೂ ಆ ಸೇವೆಯಲ್ಲಿ ನಿಯುಕ್ತವಾಗಿದ್ದುದನ್ನು ನಾನು ಕಂಡಿರುವೆನು. ನನ್ನದೇ ಒಂದು ಲೇಖನದ ಮೇಲೆ ಎರಡು ಮಿರ್ಚಿಗಳು ಕುಳಿತಿದ್ದುವು. ಅವುಗಳಿಗೆ ಸಿಕ್ಕ ಆದರವು ಲೇಖನಕ್ಕೆ ಎಂದೂ ಸಿಕ್ಕಿರಲಿಲ್ಲ.

ಆದರೆ ಮಿತ್ರರೇ, ಹೊಳೆಯುವ ಗಾಜಿನ ಅಂಗಡಿಯೆಲ್ಲವೂ ಶುಚಿಯೆಂದು ನಿಮಗೆ ಹೇಳಿದವರಾರು? ಮಕ್ಕಳು ಹಟಮಾಡಿ ತಿನ್ನುವ ಗೋಬಿ ಮಂಚೂರಿಯ ಕೆಂಪು ಬಣ್ಣವು ಎಲ್ಲಿಂದ ಬಂದಿತು? ಅದರಲ್ಲಿ ಕೃತಕ ಬಣ್ಣಗಳನ್ನು ಬೆರಸಕೂಡದೆಂದು ಕರ್ನಾಟಕ ಸರಕಾರವು ೨೦೨೪ರ ಮಾರ್ಚಿಯಲ್ಲಿ ನಿಷೇಧಿಸಬೇಕಾಯಿತು. ಪುಂಡಿಪಲ್ಯಕ್ಕೆ ಬಣ್ಣ ಹಾಕಿದವರುಂಟೆ? ಇನ್ನು ಊರ ಅಂಗಡಿಯ ಕೊರತೆಗೆ ಮದ್ದೇನು? ತಿದ್ದಬಲ್ಲ ಗಿರಾಕಿಯೇ ಬಿಟ್ಟುಹೋದರೆ ಅಂಗಡಿಯು ತಿದ್ದುವುದು ಹೇಗೆ? ಸುಶಿಕ್ಷಿತನು ಅಲ್ಲಿಗೆ ಹೋಗಿ ಕುಳಿತು, "ತಾಯಿ, ಈ ಕಾಗದ ಬೇಡ, ಎಲೆಯಲ್ಲಿ ಕೊಡಿರಿ, ಎರಡು ರೂಪಾಯಿ ಹೆಚ್ಚು ತೆಗೆದುಕೊಳ್ಳಿರಿ" ಎಂದರೆ ಕೇಳದವರಿಲ್ಲ. ನಾನು ಹೇಳಿ ನೋಡಿರುವೆನು. ಮರುದಿನದಿಂದ ಎಲೆಯೇ ಬಂದಿತು.

ಹೀಗೆ ಅಸಡ್ಡೆಯ ಪಕ್ಷವನ್ನು ಖಂಡಿಸಿದ ಮೇಲೆ, ಅದಕ್ಕೆ ಎದುರಾದ ಮೋಹದ ಪಕ್ಷವನ್ನೂ ಬಿಡಲಾರೆನು. ಈಚೆಗೆ ಕೆಲವರು ಹಳೆಯ ಹೋಟೆಲುಗಳನ್ನು ಹುಡುಕಿ ಹೊರಡುವ ವ್ರತವನ್ನು ಹಿಡಿದಿರುವರು. ಒಳ್ಳೆಯದೇ. ಆದರೆ ಅವರಲ್ಲಿ ಹಲವರು ಒಮ್ಮೆ ಬಂದು, ತಟ್ಟೆಯ ಚಿತ್ರವನ್ನೂ ಮುದುಕಿಯ ಚಿತ್ರವನ್ನೂ ತೆಗೆದುಕೊಂಡು, "ಅಜ್ಜಿಯ ಕೈರುಚಿ" ಎಂದು ಕೊಂಡಾಡಿ, ಕೊನೆಗೆ ಐದು ರೂಪಾಯಿಗೆ ಚೌಕಾಸಿ ಮಾಡಿ ಹೊರಡುವರು. ಆ ಅಜ್ಜಿಗೆ ಬೇಕಾದುದು ವಾರಕ್ಕೆರಡು ದಿನ ಬರುವ ಗಿರಾಕಿಯೇ ಹೊರತು ವರ್ಷಕ್ಕೊಮ್ಮೆ ಬರುವ ಸ್ತುತಿಪಾಠಕನಲ್ಲ.

ಇನ್ನು "ಹಿಂದಿನ ಕಾಲದ ಹೋಟೆಲು ಎಷ್ಟು ಚಂದ" ಎನ್ನುವ ಹಳಬರಿಗೂ ಒಂದು ಮಾತು. ಅದು ಯಾರಿಗೆ ಚಂದವಾಗಿತ್ತು? ನಾನು ಪಾಠಶಾಲೆಯ ಮಡಿಯಲ್ಲಿ ಬೆಳೆದವನು. ಹೋಟೆಲಿನ ನೀರನ್ನು ಮುಟ್ಟುತ್ತಿರಲಿಲ್ಲ. ಮಾಸ್ತರಿಕೆಗೆ ಸೇರಿದ ಮೊದಲ ವರ್ಷಗಳಲ್ಲಿ, ಹೆಸರು ಹೇಳಲೊಲ್ಲದ ಒಂದು ಹಳ್ಳಿಯಲ್ಲಿ, ಮೊದಲ ಸಲ ಹೋಟೆಲಿನೊಳಗೆ ಕುಳಿತು ಚಹಾ ಕುಡಿಯುತ್ತಿದ್ದೆನು. ಆಗ ನನ್ನ ತರಗತಿಯ ಜಾಣ ಹುಡುಗನೊಬ್ಬನು ತಂದೆಯೊಡನೆ ಹೊರಗೆ ನಿಂತು, ಗೋಡೆಯ ಗೂಡಿನಲ್ಲಿಟ್ಟಿದ್ದ ಬೇರೆಯ ಬಟ್ಟಲನ್ನು ತೆಗೆದುಕೊಂಡು ಕುಡಿದು, ತೊಳೆದು, ಅಲ್ಲಿಯೇ ಇಟ್ಟನು. ನನ್ನನ್ನು ಕಂಡು ನಮಸ್ಕಾರ ಮಾಡಿದನು. ನಾನು ಒಳಗಿನಿಂದಲೇ ತಲೆಯಾಡಿಸಿದೆನು, ಏನೂ ಹೇಳಲಿಲ್ಲ. ಹೋಟೆಲುಗಳ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂದು ೧೯೫೦ರ ಸಂವಿಧಾನದ ಹದಿನೈದನೆಯ ಅನುಚ್ಛೇದವು ವಿಧಿಸಿತ್ತು. ಅಸ್ಪೃಶ್ಯತೆಯ ಆಚರಣೆಯು ದಂಡನಾರ್ಹವೆಂದು ೧೯೫೫ರ ಕಾಯಿದೆಯು ಹೇಳಿತ್ತು. ಇವೆರಡನ್ನೂ ಅದೇ ಹುಡುಗನಿಗೆ ನಾಗರಿಕಶಾಸ್ತ್ರದ ಪಾಠದಲ್ಲಿ ಓದಿಸಿದವನು ನಾನೇ! ಈ ಲಜ್ಜೆಯು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಆದುದರಿಂದ ಊರ ಅನ್ನವನ್ನು ಪ್ರೀತಿಸುವೆನೆನ್ನುವವನು ಮೊದಲು ನೋಡತಕ್ಕುದು ರುಚಿಯನ್ನಲ್ಲ. ಒಂದೇ ಸಾಲಿನಲ್ಲಿ, ಒಂದೇ ಬಟ್ಟಲಿನಲ್ಲಿ, ಎಲ್ಲರೂ ಉಣ್ಣುವರೋ ಇಲ್ಲವೋ ಎಂಬುದನ್ನು. ಅದಿಲ್ಲದ ಅಂಗಡಿಯು ನೂರು ವರ್ಷದ್ದಾದರೂ ಮುಚ್ಚಲಿ.

ತೈತ್ತಿರೀಯದ ಭೃಗುವು ತಪಸ್ಸು ಮಾಡಿ ಮೊದಲು ಅರಿತುದು ಅನ್ನವೇ ಬ್ರಹ್ಮವೆಂದು. ಅನ್ನವನ್ನು ನಿಂದಿಸಬಾರದೆಂಬುದನ್ನು ಅಲ್ಲಿ ವ್ರತವೆಂದೇ ವಿಧಿಸಿದೆ. ಅನ್ನವನ್ನು ಬೇಯಿಸಿದವರ ನಿಂದೆಯೂ, ಉಣ್ಣಬಂದವರ ನಿಂದೆಯೂ ಅನ್ನನಿಂದೆಯೇ ಸರಿ. ಮಾನ್ವಿಯ ಸೀಮೆಯ ಚೀಕಲಪರ್ವಿಯಲ್ಲಿ ವಿಜಯದಾಸರು ಹುಟ್ಟಿದರು. ಅವರ ದಾಸಪರಂಪರೆಯು ಮನೆಮನೆಯ ಯಾಯಿವಾರದ ಅನ್ನದಿಂದ ಬದುಕಿತು. ಬಸವಣ್ಣನವರು ದಾಸೋಹವನ್ನೇ ಧರ್ಮವೆಂದರು. ಇಂಥ ನೆಲದಲ್ಲಿ ನಿಂತು "ಉಣ್ಣಲು ಏನಿದೆ" ಎನ್ನುವುದು ಅಜ್ಞಾನವು.

ಕೊನೆಗೆ ಕರ್ತವ್ಯವೇನೆಂಬುದು. ಒಂದು, ನಮ್ಮ ಸಂಘಸಂಸ್ಥೆಗಳ ಊಟವನ್ನು ಊರ ಖಾನಾವಳಿಗಳಿಗೂ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಗೂ ಮುಂಗಡ ಹಣ ಕೊಟ್ಟು ವಹಿಸತಕ್ಕುದು. ಎರಡು, ಪಟ್ಟಣದ ಪೆಟ್ಟಿಗೆಗೆ ಕೊಡುವಷ್ಟೇ ಬೆಲೆಯನ್ನು ಅವರಿಗೂ ಕೊಡತಕ್ಕುದು. ಅಗ್ಗವೆಂಬ ಕಾರಣಕ್ಕೆ ಮಾಡಿದ ಮರ್ಯಾದೆಯು ಮರ್ಯಾದೆಯಲ್ಲ. ಮೂರು, "ರೊಟ್ಟಿ ಬೇಕಾದರೆ ಮನೆಯ ಹೆಂಗಸರು ಬಡಿಯಲಿ" ಎಂದು ಯಾರೂ ಈ ಲೇಖನವನ್ನು ಸೊಸೆಯ ಮುಂದೆ ಓದದಿರಲಿ. ಹೊಗೆಯ ಮುಂದೆ ಕುಳಿತವಳ ಬೆನ್ನುನೋವನ್ನು ಹೊಗಳಿಕೆಯು ವಾಸಿಮಾಡದು. ಗಂಡಸರೂ ಹಿಟ್ಟಿಗೆ ಕೈಹಾಕಲಿ, ಇಲ್ಲವೆ ದುಡ್ಡು ಕೊಟ್ಟು ಕೊಳ್ಳಲಿ.

ಮೊನ್ನೆ ಆ ತಾಯಿಯ ಖಾನಾವಳಿಗೆ ಹೋದಾಗ ಗೋಷ್ಠಿಯ ದಿನದ ಸಂಗತಿಯನ್ನು ಎತ್ತಿ ಕ್ಷಮೆ ಕೇಳಿದೆನು. ಅವಳು ಕೈಯ ಹಿಟ್ಟನ್ನು ಬಿಡದೆ, "ಅದೇನು ದೊಡ್ಡ ಮಾತಲ್ಲ ಬಿಡ್ರೀ ಮಾಸ್ತರ. ಮೊದಲೇ ಹೇಳಿದ್ರ ಇನ್ನೊಂದು ನಾಕು ಸೇರು ಜೋಳ ಬೀಸಿಸಿ ಇಟ್ಟಿರತಿದ್ನಿ" ಎಂದಳು. ಮುಂದಿನ ಗೋಷ್ಠಿಗೆ ಈಗಲೇ ಹೇಳಿ ಬಂದಿರುವೆನು. ಈ ಲೇಖನಕ್ಕೆ ಪ್ರತ್ಯುತ್ತರವನ್ನು ಬರೆಯಬೇಕೆಂದಿರುವ ಮಹನೀಯರು ಅವಶ್ಯವಾಗಿ ಬರೆಯಲಿ. ಆದರೆ ಮೊದಲು ಅಲ್ಲಿ ಒಂದು ಹೊತ್ತು ಉಂಡು, ಆಮೇಲೆ ಲೇಖನಿಯನ್ನು ಹಿಡಿಯಬೇಕೆಂದು ನನ್ನ ಪ್ರಾರ್ಥನೆಯು.