ಆಕಾಶದ ಮಾತು, ಹೊಲದ ಮಾತು

ನಮ್ಮ ಪುರಾಣಗಳಲ್ಲಿ ಬರುವ ಆಕಾಶವಾಣಿಗೆ ಮುಖವಿಲ್ಲ, ಹೆಸರಿಲ್ಲ. ಕಿವಿಯಂತೂ ಇಲ್ಲವೇ ಇಲ್ಲ. ತಂಗಿಯ ಮದುವೆಯ ದಿಬ್ಬಣದಲ್ಲಿ ರಥ ನಡೆಸುತ್ತಿದ್ದ ಕಂಸನಿಗೆ ಅದು ತಾನು ಹೇಳಬೇಕಾದುದನ್ನು ಹೇಳಿ ಸುಮ್ಮನಾಯಿತು. ಕಂಸನು ತಿರುಗಿ ಒಂದು ಪ್ರಶ್ನೆ ಕೇಳಿದ್ದರೂ ಉತ್ತರ ಬರುತ್ತಿರಲಿಲ್ಲ. ಮೇಲಿನದು ಹೇಳಬೇಕು, ಕೆಳಗಿನವರು ಕೇಳಬೇಕು ಎಂಬುದೇ ಅದರ ಕಟ್ಟಳೆ.

ಈ ಹೆಸರನ್ನು ಬಾನುಲಿಗೆ ತಂದ ಕೀರ್ತಿ ನಮ್ಮ ಮೈಸೂರಿಗೆ ಸಲ್ಲುತ್ತದೆ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರ ನಿಲಯವನ್ನು ಹೂಡಿದರು. ಮುಂದೆ ದೇಶದ ಪ್ರಸಾರ ಸಂಸ್ಥೆಯೇ ‘ಆಕಾಶವಾಣಿ’ ಎಂಬ ಆ ಹೆಸರನ್ನು ತಳೆಯಿತು. ಹೆಸರು ದೊಡ್ಡದಾಯಿತು. ಆದರೆ ಅದು ಹುಟ್ಟಿದ್ದು ಒಂದು ಮನೆಯಲ್ಲಿ, ಒಂದು ಊರಿನ ಜನಕ್ಕಾಗಿ ಎಂಬುದನ್ನು ನಾವು ಮರೆತೆವು. ಈಚಿನ ವರ್ಷಗಳಲ್ಲಿ ‘ಸಮುದಾಯ ಬಾನುಲಿ’ ಎಂಬ ಹೆಸರಿನಿಂದ ಅಲ್ಲಲ್ಲಿ ತಲೆಯೆತ್ತಿರುವ ಸಣ್ಣ ನಿಲಯಗಳನ್ನು ಕಂಡಾಗ, ಮರೆತ ಆ ಆರಂಭವೇ ಬೇರೆ ರೂಪದಲ್ಲಿ ಮರಳಿ ಬಂದಿದೆಯೇ ಎಂದು ನನಗೆ ಅನಿಸುವುದುಂಟು. ಈ ನಿಲಯಗಳಿಗೂ ನಮ್ಮ ಅನ್ನಕ್ಕೂ ಇರುವ ನಂಟನ್ನು ಕುರಿತು ನಾಲ್ಕು ಮಾತು ಹೇಳುವುದು ಇಲ್ಲಿ ನನ್ನ ಉದ್ದೇಶ.

ಮೊದಲು ನನ್ನ ಮನೆಯ ಒಂದು ಪ್ರಸಂಗ. ನಮ್ಮದು ಕೋಲಾರದ ಸೀಮೆ. ಮಳೆಯನ್ನೇ ನಂಬಿದ ಕೆಂಪು ನೆಲ. ನಾನು ಬಾಲಕನಾಗಿದ್ದಾಗ ನಮ್ಮ ರಾಗಿಯ ಹೊಲದಲ್ಲಿ ರಾಗಿಯೊಂದೇ ಇರುತ್ತಿರಲಿಲ್ಲ. ನಡುನಡುವೆ ಅಕ್ಕಡಿ ಸಾಲುಗಳು: ಅವರೆ, ತೊಗರಿ, ಹುಚ್ಚೆಳ್ಳು, ಅಂಚಿನಲ್ಲಿ ಜೋಳ, ಅಲ್ಲೊಂದು ಇಲ್ಲೊಂದು ಹರಳು. ಸಾಲು ಹಾಕುವುದು ಅಪ್ಪನ ಕೆಲಸ. ಯಾವ ಸಾಲಿಗೆ ಯಾವ ಕಾಳು ಎಂಬ ತೀರ್ಮಾನ ಅಮ್ಮನದು. ಬೀಜವನ್ನು ಬೂದಿ ಬೆರೆಸಿ ಮಡಕೆಯಲ್ಲಿ ಕಾಪಾಡುತ್ತಿದ್ದವಳೂ ಅವಳೇ. ಒಂದು ಸಂಜೆ ಬಾನುಲಿಯಲ್ಲಿ ಹೊಸ ರಾಗಿ ತಳಿಯ ವಿಷಯ ಬಂತು. ಅಪ್ಪ ಮನಸ್ಸಿಟ್ಟು ಕೇಳುತ್ತಿದ್ದರು. ಒಲೆಯ ಮುಂದಿನಿಂದ ಅಮ್ಮ ಹೇಳಿದಳು: “ಅವರೆ ಎಲ್ಲಿ ಹಾಕೋದು ಅಂತ ಅವರನ್ನೊಂದು ಮಾತು ಕೇಳಿ ನೋಡಿ.” ಅಪ್ಪ ನಕ್ಕರು. “ಅದು ಹೇಳೋ ಪೆಟ್ಟಿಗೆ ಕಣೇ, ಕೇಳೋ ಪೆಟ್ಟಿಗೆ ಅಲ್ಲ.”

ಅಂದು ಅದು ವಿನೋದದ ಮಾತಾಗಿತ್ತು. ಇಂದು ನನಗೆ ಅದು ವಿನೋದವಾಗಿ ತೋರುತ್ತಿಲ್ಲ.

ಅಪ್ಪನ ನಿರ್ಧಾರ ತಪ್ಪೆಂದು ನಾನು ಹೇಳಲಾರೆ. ‘ರಾಗಿ ಲಕ್ಷ್ಮಣಯ್ಯ’ ಎಂದೇ ನಾಡಿಗೆ ಪರಿಚಿತರಾದ ವಿಜ್ಞಾನಿಗಳು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಬೆಳೆಸಿದ ಇಂಡಾಫ್ ತಳಿಗಳು ಕರ್ನಾಟಕದ ಇಳುವರಿಯನ್ನು ಹೆಚ್ಚಿಸಿದುವು. ಎಷ್ಟೋ ಮನೆಗಳ ಹಸಿವು ಇಂಗಿತು. ನಮ್ಮ ಮನೆಯೂ ಅವುಗಳಲ್ಲಿ ಒಂದು. ಆದರೆ ಹೊಸ ರಾಗಿಯನ್ನು ಒತ್ತಾಗಿ ಬಿತ್ತಿದ ನಮ್ಮ ಹೊಲದಲ್ಲಿ ಅಕ್ಕಡಿಯ ಸಾಲುಗಳು ಕ್ರಮೇಣ ಇಲ್ಲವಾದುವು. ರಾಗಿ ಕೊಯ್ದ ಮೇಲೂ ನೆಲದ ತೇವವನ್ನೇ ಹೀರಿ ಪುಷ್ಯಮಾಸದವರೆಗೆ ಕಾಯಿ ಬಿಡುತ್ತಿದ್ದ ಅವರೆ ಹೋಯಿತು. ಹುಚ್ಚೆಳ್ಳಿನ ಎಣ್ಣೆ ಅಂಗಡಿಯ ಎಣ್ಣೆಗೆ ಜಾಗ ಬಿಟ್ಟಿತು. ಹೊಸ ತಳಿಯ ದೋಷ ಇದಲ್ಲ. ರಾಗಿಯ ಜೊತೆಗೆ ಅವರೆಯ ಮಾತನ್ನೂ ಎತ್ತಬಲ್ಲ ದನಿಯೊಂದು ಆ ಸಂವಾದದಲ್ಲಿ ಇರಲಿಲ್ಲ. ಅಥವಾ ಇದ್ದ ದನಿ ಒಲೆಯ ಮುಂದೆಯೇ ಉಳಿಯಿತು.

ಹೇಳುವ ಪೆಟ್ಟಿಗೆಯನ್ನು ಕೇಳುವ ಪೆಟ್ಟಿಗೆಯನ್ನಾಗಿ ಮಾಡುವ ಯತ್ನ ನಮ್ಮ ದೇಶದಲ್ಲಿ ನಡೆದೇ ಇಲ್ಲವೆಂದಲ್ಲ. ೧೯೫೬ರಲ್ಲಿ ಯುನೆಸ್ಕೋ ಸಂಸ್ಥೆಯ ನೆರವಿನಿಂದ ಪುಣೆಯ ನಿಲಯದ ಆಶ್ರಯದಲ್ಲಿ ಸುಮಾರು ೧೫೦ ಗ್ರಾಮಗಳಲ್ಲಿ ಬಾನುಲಿ ರೈತಕೂಟಗಳು ಏರ್ಪಟ್ಟವು. ರೈತರು ಒಟ್ಟಿಗೆ ಕುಳಿತು ಕಾರ್ಯಕ್ರಮವನ್ನು ಕೇಳುವುದು, ಬಳಿಕ ಚರ್ಚಿಸುವುದು, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಕಳುಹಿಸುವುದು ಅದರ ಕ್ರಮ. ಪ್ರಯೋಗ ಫಲಕಾರಿಯಾಯಿತೆಂದು ಅಧ್ಯಯನ ಮಾಡಿದವರು ಬರೆದರು. ಕೂಟಗಳು ಬೇರೆ ಕಡೆಗೂ ಹಬ್ಬಿದುವು. ಆದರೆ ಕಾಲಕ್ರಮದಲ್ಲಿ ಸೊರಗಿಹೋದುವು. ೧೯೬೬ರಿಂದ ಹಸಿರು ಕ್ರಾಂತಿಯ ಜೊತೆಜೊತೆಗೇ ಆಕಾಶವಾಣಿಯಲ್ಲಿ ಕೃಷಿ ವಿಭಾಗಗಳು ತೆರೆದುವು. ತಮಿಳುನಾಡಿನಲ್ಲಿ ಒಂದು ಭತ್ತದ ತಳಿಯನ್ನು ಜನ ‘ರೇಡಿಯೋ ಭತ್ತ’ ಎಂದೇ ಕರೆದರೆಂದ ಮೇಲೆ ಆ ಸೇವೆಯ ಪ್ರಭಾವವನ್ನು ಅಲ್ಲಗಳೆಯುವಂತಿಲ್ಲ. ಆದರೂ ಅದು ರಾಜ್ಯಕ್ಕೆಲ್ಲ ಒಂದೇ ಕೊರಳು. ಕರಾವಳಿಯ ಗದ್ದೆಗೂ ಬಯಲುಸೀಮೆಯ ಹೊಲಕ್ಕೂ ಅದು ಏಕಕಾಲದಲ್ಲಿ ಮಾತನಾಡಬೇಕಾಗಿತ್ತು.

೧೯೯೫ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಮಹತ್ತ್ವದ ತೀರ್ಪನ್ನಿತ್ತಿತು. ವ್ಯಾಜ್ಯ ಹುಟ್ಟಿದ್ದು ಕ್ರಿಕೆಟ್ ಪಂದ್ಯಗಳ ಪ್ರಸಾರದ ಹಕ್ಕಿನಿಂದ. ಆದರೆ ನ್ಯಾಯಮೂರ್ತಿ ಪಿ. ಬಿ. ಸಾವಂತರು ಬರೆದ ತೀರ್ಪು ಆಟದ ಬಯಲನ್ನು ದಾಟಿ, ಬಾನುಲಿಯ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸಾರಿತು. ಸ್ವತ್ತು ಜನರದೆಂದು ಸಾರಿದರೂ ಬೀಗದ ಕೈ ಸಿಕ್ಕುವುದಕ್ಕೆ ಕಾಲ ಹಿಡಿಯಿತು. ೨೦೦೨ರಲ್ಲಿ ವಿದ್ಯಾಸಂಸ್ಥೆಗಳಿಗೆ ಅನುಮತಿ ದೊರೆಯಿತು. ೨೦೦೪ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ನಿಲಯ ಮೊದಲನೆಯದಾಗಿ ಮಾತನಾಡಿತು. ಸೇವಾಸಂಸ್ಥೆಗಳಿಗೆ, ಕೃಷಿ ವಿಶ್ವವಿದ್ಯಾಲಯಗಳಿಗೆ, ಕೃಷಿ ವಿಜ್ಞಾನ ಕೇಂದ್ರಗಳಿಗೆ ಬಾಗಿಲು ತೆರೆದದ್ದು ೨೦೦೬ರ ನವೆಂಬರಿನಲ್ಲಿ.

ಈ ನಡುವೆ ಕೆಲವರು ಬಾಗಿಲು ತೆರೆಯುವ ತನಕ ಕಾದು ಕುಳಿತಿರಲಿಲ್ಲ. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆ, ಹೈದರಾಲಿ ಹುಟ್ಟಿದ ಊರು. ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ‘ನಮ್ಮ ಧ್ವನಿ’ ಎಂಬ ಕೇಂದ್ರ ಏರ್ಪಟ್ಟಿತು. ಗಾಳಿಯಲ್ಲಿ ಮಾತನ್ನು ಬಿಡಲು ಪರವಾನಗಿ ಇಲ್ಲ. ಸರಿ, ಊರಿನ ಮನೆಗಳಿಗೆ ದೂರದರ್ಶನವನ್ನು ತರುತ್ತಿದ್ದ ಕೇಬಲ್ ತಂತಿಯ ಮೂಲಕವೇ ಹಳ್ಳಿಯವರು ತಮ್ಮ ಕಾರ್ಯಕ್ರಮಗಳನ್ನು ಕಳುಹಿಸಿದರು. ಆಕಾಶ ಸಿಕ್ಕದವರು ತಂತಿ ಹಿಡಿದರು!

ಈ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಬಹುವಾಗಿ ಸೆಳೆದದ್ದು ಬೀದರಿನ ಗಡಿಯಾಚೆ, ತೆಲಂಗಾಣದ ಜಹೀರಾಬಾದ್ ಸೀಮೆಯ ಮಾಚನೂರು. ಆ ಸೀಮೆಯೂ ನಮ್ಮ ಬೀದರೂ ಒಂದು ಕಾಲಕ್ಕೆ ಹೈದರಾಬಾದ್ ಸಂಸ್ಥಾನದ ನೆರೆಹೊರೆ. ಅಲ್ಲಿ ೧೯೮೩ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯು ಬಡ ಹೆಂಗಸರ, ಬಹುಮಟ್ಟಿಗೆ ದಲಿತ ಹೆಂಗಸರ, ಸಂಘಗಳನ್ನು ಕಟ್ಟಿತು. ಸಂಸ್ಥೆಯ ಮುಂದಾಳುಗಳಲ್ಲಿ ಒಬ್ಬರಾದ ಪಿ. ವಿ. ಸತೀಶರು ಮೈಸೂರಿನಲ್ಲಿ ಹುಟ್ಟಿದವರು. ದೂರದರ್ಶನದಲ್ಲಿ ಬಹುಕಾಲ ದುಡಿದವರು. ಆಕಾಶವಾಣಿಯ ಹೆಸರು ಹುಟ್ಟಿದ ಊರಿನವರೊಬ್ಬರು ಹೊಲದ ಮಾತಿಗೆ ನಿಲಯ ಕಟ್ಟಲು ನೆರವಾದರೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.

ಮಾಚನೂರಿನ ಹೆಂಗಸರು ಪರವಾನಗಿಗಾಗಿ ಹಲವು ವರ್ಷ ಕಾದರು. ಕಾಯುವಾಗಲೂ ಸುಮ್ಮನಿರಲಿಲ್ಲ; ಕಾರ್ಯಕ್ರಮಗಳನ್ನು ಧ್ವನಿಸುರುಳಿಗಳಲ್ಲಿ ಮುದ್ರಿಸಿ, ಸಂಘದ ಸಭೆಗಳಿಗೆ ಒಯ್ದು ಕೇಳಿಸಿದರು. ಕೊನೆಗೆ ೨೦೦೮ರ ಅಕ್ಟೋಬರ್ ೧೫ರಂದು, ಗ್ರಾಮೀಣ ಮಹಿಳಾ ದಿನದಂದು, ‘ಸಂಘಂ ರೇಡಿಯೋ’ ಗಾಳಿಗೆ ಬಂತು. ಉದ್ಘಾಟಿಸಿದವರು ಬೇರೆ ಯಾರೂ ಅಲ್ಲ, ಅಲೆಗಳು ಜನರವೆಂದು ತೀರ್ಪಿತ್ತ ಸಾವಂತರೇ.

ಆ ನಿಲಯದ ಮಾತಿನ ವಿಷಯವಾದರೂ ಏನು? ಬಿತ್ತನೆಯ ಕಾಲ, ಬೀಜದ ಜೋಪಾಸನೆ, ಮನೆಮದ್ದು, ಅಡುಗೆ, ಹಾಡು. ಜೋಳ, ನವಣೆ, ಸಾಮೆ, ತೊಗರಿ ಮೊದಲಾಗಿ ಹತ್ತಾರು ಬಗೆಯ ಕಾಳುಗಳನ್ನು ಒಂದೇ ಹೊಲದಲ್ಲಿ ಬೆರೆಸಿ ಬೆಳೆಯುವವರು ತಮ್ಮ ಅನುಭವವನ್ನು ತಮ್ಮ ಆಡುಮಾತಿನಲ್ಲಿಯೇ ಹೇಳುತ್ತಾರೆ. ಇದರಲ್ಲಿ ಏನು ದೊಡ್ಡದೆಂದು ವಾಚಕರು ಕೇಳಬಹುದು. ಸ್ವಲ್ಪ ಯೋಚಿಸೋಣ. ಮಳೆಯಾಶ್ರಿತ ಬೇಸಾಯದಲ್ಲಿ ಬೆಳೆಯ ಭವಿಷ್ಯವನ್ನು ಹದಿನೈದು ದಿನಗಳ ಮಳೆ ನಿರ್ಣಯಿಸುತ್ತದೆ. ಆ ಹದಿನೈದು ದಿನ ಮೋಡ ಕೈಕೊಟ್ಟರೆ ಒಂದು ಪೈರು ಒಣಗುತ್ತದೆ, ಇನ್ನೊಂದು ತಡೆದು ನಿಲ್ಲುತ್ತದೆ. ಯಾವುದು ನಿಲ್ಲುತ್ತದೆ ಎಂಬುದು ಆ ಮಣ್ಣಿನ ಆಳವನ್ನೂ ಆ ಇಳಿಜಾರನ್ನೂ ಅವಲಂಬಿಸಿದೆ. ಇಂಥ ತಿಳಿವಳಿಕೆ ಹತ್ತು ಹರದಾರಿ ಆಚೆಗೆ ಹೋದರೆ ಅರ್ಧ ಸುಳ್ಳಾಗುತ್ತದೆ. ಸಮುದಾಯ ಬಾನುಲಿಗೆ ಕಾನೂನು ಸಾಮಾನ್ಯವಾಗಿ ಒಪ್ಪಿರುವುದು ೧೦೦ ವಾಟ್ ಶಕ್ತಿ, ೩೦ ಮೀಟರು ಎತ್ತರದ ಕಂಬ; ದನಿ ತಲಪುವುದು ಹತ್ತು ಹದಿನೈದು ಕಿಲೋಮೀಟರು. ಇದನ್ನು ಕೊರತೆಯೆಂದು ಹಲವರು ಎಣಿಸುತ್ತಾರೆ. ನನಗೆ ಇದೇ ಅದರ ಗುಣವಾಗಿ ಕಾಣುತ್ತದೆ. ಒಂದು ಬೀಜದ ಮಾತು ಎಷ್ಟು ದೂರ ನಿಜವೋ, ಹೆಚ್ಚುಕಡಿಮೆ ಅಷ್ಟೇ ದೂರ ಆ ದನಿಯೂ ಕೇಳುತ್ತದೆ.

ಬೀಜದ ಮಾತು ಕೊನೆಗೆ ಅನ್ನದ ಮಾತು. ೨೦೧೩ರ ಆಹಾರ ಭದ್ರತಾ ಕಾಯಿದೆಯಲ್ಲಿ ಅಕ್ಕಿ ಗೋಧಿಗಳ ಜೊತೆಗೆ ‘ಒರಟು ಧಾನ್ಯ’ಗಳಿಗೂ ಸ್ಥಾನ ದೊರೆಯಿತು. ಹೆಸರು ಒರಟು, ಬಡವರ ಬೆನ್ನೆಲುಬು ಕಾದದ್ದು ಅದೇ. ಕರ್ನಾಟಕದ ಪಡಿತರದಲ್ಲಿ ದಕ್ಷಿಣಕ್ಕೆ ರಾಗಿಯೂ ಉತ್ತರಕ್ಕೆ ಜೋಳವೂ ಸೇರಿದ್ದು ಒಳ್ಳೆಯ ಹೆಜ್ಜೆ. ೨೦೨೩ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ಆ ವರ್ಷದ ಮಾರ್ಚಿಯಲ್ಲಿಯೇ ಸತೀಶರು ತೀರಿಕೊಂಡರು. ಅಂದಿನಿಂದ ಪಟ್ಟಣದ ಅಂಗಡಿಗಳಲ್ಲಿ ನವಣೆ ಸಾಮೆಗಳಿಗೆ ಬಣ್ಣದ ಹೊದಿಕೆ, ಏರಿದ ಬೆಲೆ. ಸಂತೋಷವೇ. ಆದರೆ ಬೆಳೆದವಳು ಸಾಮೆಯನ್ನು ಮಾರಿ ತಾನು ಪಡಿತರದ ಅಕ್ಕಿಯನ್ನುಣ್ಣುವಂತಾದರೆ, ಅವಳ ಮಕ್ಕಳು ಸಾಮೆಯ ರುಚಿಯನ್ನೇ ಅರಿಯದಂತಾದರೆ, ಸಿರಿ ಯಾರ ಪಾಲಿಗೆ ಬಂದಂತಾಯಿತು? ಮಾಚನೂರಿನ ಸೀಮೆಯ ಸಂಘಗಳು ೧೯೯೦ರ ದಶಕದಲ್ಲಿಯೇ ಬೀಳುಬಿದ್ದ ನೆಲದಲ್ಲಿ ಜೋಳ ಬೆಳೆದು, ಆ ಊರಿನಲ್ಲಿಯೇ ಕೂಡಿಟ್ಟು, ಅಲ್ಲಿಯ ಬಡವರಿಗೇ ಹಂಚುವ ಬೇರೊಂದು ಪಡಿತರವನ್ನು ಕಟ್ಟಿದ್ದುವು. ಇಂಥ ಪ್ರಶ್ನೆಯನ್ನು ಕೇಳುವ ಅಧಿಕಾರ ಉಂಡು ಬೆಳೆದವರಿಗೆ ಇದೆ; ಕೇಳಲು ಒಂದು ಕೊರಳು ಬೇಕು.

ಆಕ್ಷೇಪಣೆಗಳಿಗೂ ಕಿವಿಗೊಡುವುದು ನ್ಯಾಯ. ಹಳೆಯದೆಲ್ಲವೂ ಚಿನ್ನವೆಂಬ ಮೋಹ ಇಲ್ಲಿ ಇಣುಕುವುದಿಲ್ಲವೇ? ಇಣುಕುತ್ತದೆ. ಹಳ್ಳಿಯ ತಿಳಿವಳಿಕೆಯಲ್ಲಿ ಕಾಳೂ ಇದೆ, ಜೊಳ್ಳೂ ಇದೆ. ತೂರುವುದಕ್ಕೆ ವಿಜ್ಞಾನದ ಮೊರ ಬೇಕು. ಆದುದರಿಂದಲೇ ೨೦೦೭ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ತನ್ನದೇ ಸಮುದಾಯ ಬಾನುಲಿಯನ್ನು ಆರಂಭಿಸಿದ್ದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಪಂಡಿತರು ನಡೆಸುವ ಯಾವುದೇ ಸಣ್ಣ ನಿಲಯಕ್ಕೆ ಒಂದು ಅಪಾಯ ಕಾದೇ ಇರುತ್ತದೆ: ಪುಟ್ಟ ಆಕಾಶವಾಣಿಯಾಗಿಬಿಡುವ ಅಪಾಯ. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯವಾಗಿ ಸಿದ್ಧವಾಗಬೇಕು ಎಂಬ ನಿಯಮ ಇರುವುದು ಇದಕ್ಕಾಗಿಯೇ. ನಿಯಮದ ಅಕ್ಷರವನ್ನು ಪಾಲಿಸುವುದು ಸುಲಭ. ಅದರ ಆತ್ಮವನ್ನು ಕಾಯುವುದು ಕಷ್ಟ.

ಎರಡನೆಯ ತೊಡಕು ಹಣದ್ದು. ಗಂಟೆಗೆ ಎಷ್ಟು ನಿಮಿಷ ಜಾಹೀರಾತು ಇರಬಹುದೆಂಬ ಮಿತಿ ಮೊದಲು ೫, ಬಳಿಕ ೭, ೨೦೨೪ರ ಪರಿಷ್ಕೃತ ನಿಯಮಗಳಲ್ಲಿ ೧೨ ಆಯಿತು. ವಿದ್ಯುತ್ತಿನ ಲೆಕ್ಕ, ಯಂತ್ರದ ದುರಸ್ತಿ, ದುಡಿಯುವವರ ಸಂಬಳ—ಇವುಗಳ ಭಾರವನ್ನು ಬಲ್ಲವರು ಇದನ್ನು ದೂರಲಾರರು. ಆದರೂ ಮನೆಯ ಬೀಜವನ್ನು ಕಾಪಾಡಿರೆಂದು ಒಬ್ಬಾಕೆ ಹೇಳಿ ಮುಗಿಸಿದ ಮರುಕ್ಷಣವೇ ಅಂಗಡಿಯ ಬೀಜವನ್ನೇ ಕೊಳ್ಳಿರೆಂಬ ಹಾಡು ಮೊಳಗಿದರೆ ಕೇಳುವವರು ಯಾವುದನ್ನು ನಂಬಬೇಕು? ೨೦೨೪ರ ಆರಂಭದ ವೇಳೆಗೆ ದೇಶದಲ್ಲಿ ೪೫೦ಕ್ಕೂ ಮಿಕ್ಕು ಇಂಥ ನಿಲಯಗಳಿದ್ದುವು. ಅವು ಉಳಿಯುವುದು ಮುಖ್ಯ. ಯಾರ ನಾಲಗೆಯಾಗಿ ಉಳಿಯುತ್ತವೆ ಎಂಬುದು ಇನ್ನೂ ಮುಖ್ಯ.

ಮೂರನೆಯದು ವಾರ್ತೆಯ ನಿರ್ಬಂಧ. ಈ ನಿಲಯಗಳು ಸ್ವಂತ ವಾರ್ತೆಯನ್ನು ಬಿತ್ತರಿಸುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಮರಳಿ ಕೇಳಿಸಬಹುದು. ಹವೆ, ವಿದ್ಯುತ್ತು, ನೀರು, ಪರೀಕ್ಷೆ ಮೊದಲಾದವುಗಳ ಮಾಹಿತಿಗೆ ಅಡ್ಡಿಯಿಲ್ಲ. ಊರ ಕೆರೆಯ ನೀರು ಇಂತಿಷ್ಟು ದಿನ ಬಾರದೆಂದು ಹೇಳಬಹುದು. ಏಕೆ ಬಾರದೆಂದು ವಿಚಾರಿಸಹೊರಟರೆ ಅದು ವಾರ್ತೆಯಾದೀತೋ ಏನೋ ಎಂಬ ಅಳುಕು. ಗಾಳಿಮಾತಿನ ಅಪಾಯವನ್ನು ನಾನು ಬಲ್ಲೆ. ಆದರೆ ಯಾರ ಕೈಯಲ್ಲಿ ನೋಡಿದರೂ ದೂರವಾಣಿಯಿದ್ದು, ಯಾವ ಹೊಣೆಯೂ ಇಲ್ಲದ ಸುದ್ದಿ ಕ್ಷಣದಲ್ಲಿ ಹರಡುವ ಈ ಕಾಲದಲ್ಲಿ, ಹೆಸರೂ ವಿಳಾಸವೂ ಇರುವ, ಊರವರು ಬಾಗಿಲಿಗೇ ಬಂದು ಕೇಳಬಹುದಾದ ನಿಲಯಕ್ಕೆ ಮಾತ್ರ ಬಾಯಿಗೆ ಬೀಗವೇಕೆ? ಅಲೆಗಳು ಜನರ ಸ್ವತ್ತೆಂದು ಒಪ್ಪಿದ ಮೇಲೆ ಅವರ ಪ್ರಶ್ನೆಗಳೂ ಆ ಸ್ವತ್ತಿಗೆ ಸೇರಬೇಡವೇ?

ನಾನು ಈ ಮಾತುಗಳನ್ನು ವಿದ್ಯಾರ್ಥಿಗಳನ್ನೂ ಉಪಾಧ್ಯಾಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಕಡಿ ಎಂಬ ಮಾತು ಹೊಲದಿಂದ ಹೋದರೆ ನಿಘಂಟಿನಲ್ಲಿ ಉಳಿದೇನು ಫಲ? ಬೆಳೆ ಹೋದಂತೆ ಮಾತು ಹೋಗುತ್ತದೆ. ಮಾತು ಹೋದ ಮೇಲೆ ಆ ಬೆಳೆಯನ್ನು ಮರಳಿ ಕರೆಯುವುದಕ್ಕೆ ಹೆಸರೇ ಇರುವುದಿಲ್ಲ. ಹತ್ತಿರದಲ್ಲಿ ಇಂಥದೊಂದು ನಿಲಯವಿದ್ದರೆ ಅಲ್ಲಿಗೆ ಹೋಗಿ. ನಿಮ್ಮ ಅಜ್ಜಿಯರನ್ನೂ ಕರೆದುಕೊಂಡು ಹೋಗಿ. ಅವರು ಹೇಳುವುದನ್ನು ಮೊದಲು ಕೇಳಿ, ಆಮೇಲೆ ಪರೀಕ್ಷಿಸಿ.

ಅಮ್ಮ ಈಗಿಲ್ಲ. ಅವಳ ಬೀಜದ ಮಡಕೆ ಅಟ್ಟದ ಮೇಲೆ ಬಹುಕಾಲ ಇತ್ತು. ಒಮ್ಮೆ ಇಳಿಸಿ ನೋಡಿದಾಗ ತಳದಲ್ಲಿ ಹಿಡಿ ಬೂದಿಯ ಹೊರತು ಬೇರೇನೂ ಇರಲಿಲ್ಲ. ಅವರೆ ಎಲ್ಲಿ ಹಾಕೋದು ಎಂಬ ಅವಳ ಪ್ರಶ್ನೆಗೆ ಉತ್ತರ ಬಲ್ಲವರು ನಮ್ಮ ಊರಿನಲ್ಲಿ ಇನ್ನೂ ಇಬ್ಬರೋ ಮೂವರೋ ಇದ್ದಾರೆ. ಅವರೆಲ್ಲ ಎಪ್ಪತ್ತು ದಾಟಿದವರು. ಅವರ ಮಾತನ್ನು ಕೇಳುವ ಪೆಟ್ಟಿಗೆ ನಮ್ಮ ಊರಿಗೆ ಇನ್ನೂ ಬಂದಿಲ್ಲ.