ಶಾಖಕ್ಕೊಂದು ಲಗಾಮು

ಅಮೆರಿಕದಲ್ಲಿ ಮನೆಯ ಗ್ಯಾರೇಜನ್ನೇ ಪುಟ್ಟ ಕಾರ್ಖಾನೆ ಮಾಡಿಕೊಂಡ ಹವ್ಯಾಸಿಗಳು ಬಹಳ ಮಂದಿ. ಕೆಲವರು ಹಳೆಯ ಕಾರನ್ನು ಬಿಚ್ಚಿ ಮತ್ತೆ ಜೋಡಿಸುತ್ತಾರೆ, ಕೆಲವರು ಮರಗೆಲಸ ಮಾಡುತ್ತಾರೆ, ಇನ್ನು ಕೆಲವರು ಬಿಯರ್ ತಯಾರಿಸುತ್ತಾರೆ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯಿದೆಯೊಂದು, ವಯಸ್ಕರು ಸ್ವಂತ ಬಳಕೆಗಾಗಿ ಮನೆಯಲ್ಲೇ ತೆರಿಗೆಯಿಲ್ಲದೆ ಬಿಯರ್ ತಯಾರಿಸಲು ಅನುಮತಿ ನೀಡಿತು. ಕರ್ನಾಟಕದಲ್ಲಿ ಹಾಗಿಲ್ಲ. 1965ರ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಇಲ್ಲಿ ಅಪರಾಧ. ಆದ್ದರಿಂದ ಇಲ್ಲಿನ ವಿದ್ಯಾರ್ಥಿಗಳು ಆ ಪಾನೀಯದ ಗೊಡವೆಗೆ ಹೋಗಬೇಕಾಗಿಲ್ಲ. ಅದನ್ನು ಕಾಯಿಸಲು ಆ ಹವ್ಯಾಸಿಗಳು ತಾವೇ ಕಟ್ಟಿಕೊಳ್ಳುವ ವಿದ್ಯುತ್ ನಿಯಂತ್ರಣ ಪೆಟ್ಟಿಗೆ ಮಾತ್ರ ನೋಡತಕ್ಕದ್ದು. ಹೈಸ್ಕೂಲಿನಿಂದ ಪಿಯುಸಿವರೆಗಿನ ವಿದ್ಯುತ್ ಪಾಠದ ಬಹುಭಾಗ ಆ ಒಂದು ಪೆಟ್ಟಿಗೆಯೊಳಗಿದೆ.

ಮೊದಲು, ಇಂಥ ಪೆಟ್ಟಿಗೆ ಏಕೆ ಬೇಕು ಎಂಬ ಪ್ರಶ್ನೆ. ಮೊಳಕೆ ಬರಿಸಿ ಒಣಗಿಸಿದ ರಾಗಿಯ ಹಿಟ್ಟಿನಿಂದ ಮಗುವಿಗೆ ಅಂಬಲಿ ಕಾಯಿಸಿದ ತಾಯಂದಿರಿಗೆ ಒಂದು ವಿಷಯ ಗೊತ್ತು: ಅದು ಸಾಮಾನ್ಯ ರಾಗಿ ಹಿಟ್ಟಿನಷ್ಟು ಗಟ್ಟಿಯಾಗುವುದಿಲ್ಲ, ಸ್ವಲ್ಪ ಸಿಹಿಯೂ ಇರುತ್ತದೆ. ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆ ಮಾಡುವುದೇ ಇದಕ್ಕೆ ಕಾರಣ. ಮೊಳಕೆ ಬಾರ್ಲಿಯಲ್ಲಿ ನಡೆಯುವುದೂ ಇದೇ. ಅಲ್ಲಿ ಕೆಲಸ ಮಾಡುವ ಮುಖ್ಯ ಕಿಣ್ವಗಳು ಎರಡು. ಒಂದು 60ರಿಂದ 65 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಚುರುಕು, ಇನ್ನೊಂದು 70 ಡಿಗ್ರಿಯ ಆಸುಪಾಸಿನಲ್ಲಿ. ಉಷ್ಣತೆ 80 ಡಿಗ್ರಿ ದಾಟಿದರೆ ಎರಡೂ ಕೆಟ್ಟುಹೋಗುತ್ತವೆ. ಹೀಗಾಗಿ ಸುಮಾರು 40 ಲೀಟರು ನೀರನ್ನು 67 ಡಿಗ್ರಿಗೆ ತಂದು ಒಂದು ಗಂಟೆ ಕಾಲ ಅಲ್ಲೇ ನಿಲ್ಲಿಸಬೇಕಾಗುತ್ತದೆ. ಗ್ಯಾಸ್ ಒಲೆಯ ಮುಂದೆ ಥರ್ಮಾಮೀಟರ್ ಹಿಡಿದು ಕುಳಿತರೆ ಇದು ಆಗದ ಕೆಲಸವೇನಲ್ಲ, ಆದರೆ ಪ್ರಯಾಸದ ಕೆಲಸ. ವಿದ್ಯುತ್ತಿನ ಹೀಟರ್ ಎಲಿಮೆಂಟನ್ನು ಪಾತ್ರೆಯೊಳಗೇ ಇಳಿಸಿ, ಅದರ ಲಗಾಮನ್ನು ಒಂದು ಯಂತ್ರದ ಕೈಗೆ ಕೊಟ್ಟರೆ ಸುಲಭ.

ಆ ಹವ್ಯಾಸಿಗಳು ಹೆಚ್ಚಾಗಿ ಬಳಸುವುದು 240 ವೋಲ್ಟಿನಲ್ಲಿ ನಡೆಯುವ 5500 ವ್ಯಾಟಿನ ಎಲಿಮೆಂಟ್. ಲೆಕ್ಕ ಸರಳ. 5500ನ್ನು 240ರಿಂದ ಭಾಗಿಸಿದರೆ ವಿದ್ಯುತ್ ಪ್ರವಾಹ 22.9 ಆಂಪಿಯರ್. 240ನ್ನು 22.9ರಿಂದ ಭಾಗಿಸಿದರೆ ಎಲಿಮೆಂಟಿನ ರೋಧ ಸುಮಾರು 10.5 ಓಮ್. 40 ಲೀಟರು ನೀರನ್ನು 25 ಡಿಗ್ರಿಯಿಂದ 67 ಡಿಗ್ರಿಗೆ ಏರಿಸಲು ಸುಮಾರು 7030 ಕಿಲೋಜೂಲ್ ಬೇಕು. ಸೆಕೆಂಡಿಗೆ 5.5 ಕಿಲೋಜೂಲಿನಂತೆ ಕೊಟ್ಟರೆ 21 ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಈ 'ಜೂಲ್' ಎಂಬ ಮಾನಕ್ಕೆ ಹೆಸರು ಕೊಟ್ಟ ಜೇಮ್ಸ್ ಪ್ರೆಸ್ಕಾಟ್ ಜೂಲ್ ಸ್ವತಃ ಬಿಯರ್ ತಯಾರಕರ ಮನೆಯ ಮಗ ಎಂಬುದು ಸ್ವಾರಸ್ಯದ ಸಂಗತಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಸಾಲ್ಫರ್ಡಿನಲ್ಲಿ 1818ರಲ್ಲಿ ಹುಟ್ಟಿದ ಅವನು ತಂದೆಯ ಕಾರ್ಖಾನೆಯ ವ್ಯವಹಾರ ನೋಡಿಕೊಳ್ಳುತ್ತಲೇ ಬಿಡುವಿನಲ್ಲಿ ಪ್ರಯೋಗ ನಡೆಸುತ್ತಿದ್ದ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೂ ತಂತಿಯ ರೋಧಕ್ಕೂ ಅನುಪಾತದಲ್ಲಿರುತ್ತದೆ ಎಂದು 1840ರ ಸುಮಾರಿಗೆ ಅವನು ಕಂಡುಕೊಂಡಾಗ ವಯಸ್ಸು ಸುಮಾರು ಇಪ್ಪತ್ತೆರಡು.

ಇಡೀ ಪೆಟ್ಟಿಗೆಯ ಕಥೆ ಈ ನಿಯಮದಲ್ಲಿದೆ. ಪ್ರವಾಹ ಎಲಿಮೆಂಟಿನಲ್ಲಿ ಎಷ್ಟು ಹರಿಯುತ್ತದೋ, ಅಲ್ಲಿಗೆ ಹೋಗುವ ತಂತಿಯಲ್ಲಿ, ಸ್ವಿಚ್ಚಿನಲ್ಲಿ, ಪ್ರತಿಯೊಂದು ಸ್ಕ್ರೂವಿನಲ್ಲಿ ಅಷ್ಟೇ ಹರಿಯುತ್ತದೆ. ರೋಧ ಎಲ್ಲಿ ಇದೆಯೋ ಅಲ್ಲಿ ಶಾಖ. ಎಲಿಮೆಂಟಿನಲ್ಲಿ 10 ಓಮ್ ಇರುವುದು ಬೇಕೆಂದೇ ಇಟ್ಟದ್ದು. ಆದರೆ ಒಂದು ಸ್ಕ್ರೂ ಸಡಿಲವಾಗಿ ಅಲ್ಲಿ ಕೇವಲ 0.1 ಓಮ್ ರೋಧ ಹುಟ್ಟಿತು ಎನ್ನೋಣ. 22.9ರ ವರ್ಗವನ್ನು 0.1ರಿಂದ ಗುಣಿಸಿದರೆ 52 ವ್ಯಾಟ್. ಶಾಲೆಯ ಪ್ರಯೋಗಾಲಯದಲ್ಲಿ ಬಳಸುವ 25 ವ್ಯಾಟಿನ ಎರಡು ಸೋಲ್ಡರಿಂಗ್ ಐರನ್ನುಗಳನ್ನು ಆ ಸ್ಕ್ರೂವಿನ ತಲೆಗೆ ಒತ್ತಿ ಹಿಡಿದಂತೆ! ಕಾದ ಜೋಡಣೆ ಹಿಗ್ಗುತ್ತದೆ, ಕುಗ್ಗುತ್ತದೆ, ಮೇಲ್ಮೈ ಕಪ್ಪಾಗುತ್ತದೆ, ರೋಧ ಇನ್ನೂ ಹೆಚ್ಚುತ್ತದೆ. ಕೊನೆಗೆ ತಂತಿಯ ಹೊದಿಕೆ ಕರಗುತ್ತದೆ.

ಫ್ಯೂಸ್ ಇದೆಯಲ್ಲ, ಎಂಸಿಬಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇಲ್ಲಿಯೇ ಅನೇಕರು ತಪ್ಪು ತಿಳಿಯುವುದು. ಎಂಸಿಬಿ ಪ್ರವಾಹ ಮಿತಿ ಮೀರಿದರೆ ಮಾತ್ರ ಕಡಿದುಕೊಳ್ಳುತ್ತದೆ. ಸಡಿಲ ಸ್ಕ್ರೂವಿನಿಂದ ಪ್ರವಾಹ ಹೆಚ್ಚುವುದಿಲ್ಲ, ಒಂದು ಕೂದಲೆಳೆಯಷ್ಟು ಕಡಿಮೆಯೇ ಆಗುತ್ತದೆ. ಎಂಸಿಬಿಯ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇದೆ. ಆದ್ದರಿಂದ ಈ ಅಪಾಯಕ್ಕೆ ಮೊದಲ ಮದ್ದು ಕಟ್ಟುವವನ ಕೈಯಲ್ಲಿದೆ: ತಂತಿಯ ತುದಿಗೆ ಸರಿಯಾದ ಲಗ್ ಹಾಕಿ ಒತ್ತಬೇಕು, ಸ್ಕ್ರೂ ಬಿಗಿಯಬೇಕು, ಪ್ರತಿ ತಂತಿಯನ್ನೂ ಒಮ್ಮೆ ಎಳೆದು ನೋಡಬೇಕು. ಕೆಲವು ದಿನ ನಡೆಸಿದ ಮೇಲೆ, ವಿದ್ಯುತ್ ಕಡಿದು, ಮತ್ತೆ ಬಿಗಿಯಬೇಕು. ತಂತಿಯ ದಪ್ಪವೂ ಲೆಕ್ಕದ ಪ್ರಕಾರವೇ ಇರಬೇಕು. 30 ಆಂಪಿಯರಿನ ಮಾರ್ಗಕ್ಕೆ ಅಲ್ಲಿ ಬಳಸುವುದು ಸುಮಾರು 5.3 ಚದರ ಮಿಲಿಮೀಟರ್ ತಾಮ್ರ. ಗಂಟೆಗಟ್ಟಲೆ ನಡೆಯುವ ಹೊರೆ ಮಾರ್ಗದ ಶಕ್ತಿಯ ಶೇಕಡ 80ನ್ನು, ಅಂದರೆ 24 ಆಂಪಿಯರನ್ನು, ಮೀರಬಾರದೆಂಬ ನಿಯಮವೂ ಅಲ್ಲಿದೆ.

ಇನ್ನು ಲಗಾಮಿನ ಮಾತು. ನೀರು ಎಷ್ಟು ಬಿಸಿಯಾಗಿದೆ ಎಂದು ಪೆಟ್ಟಿಗೆಗೆ ತಿಳಿಸುವುದು ಪ್ಲಾಟಿನಮ್ ತಂತಿಯ ಒಂದು ಸಣ್ಣ ಸಂವೇದಕ. 0 ಡಿಗ್ರಿಯಲ್ಲಿ ಇದರ ರೋಧ 100 ಓಮ್, 100 ಡಿಗ್ರಿಯಲ್ಲಿ 138.5 ಓಮ್. ಡಿಗ್ರಿಗೆ 0.4 ಓಮಿಗಿಂತಲೂ ಕಡಿಮೆ ವ್ಯತ್ಯಾಸ. ಸಂವೇದಕದಿಂದ ಪೆಟ್ಟಿಗೆಗೆ ಬರುವ ತಂತಿಯ ರೋಧವೇ ಅಷ್ಟಿದ್ದರೆ ಲೆಕ್ಕ ಒಂದು ಡಿಗ್ರಿ ತಪ್ಪುತ್ತದೆ. ಅದಕ್ಕಾಗಿ ಎರಡರ ಬದಲು ಮೂರು ತಂತಿ ಎಳೆಯುತ್ತಾರೆ. ಮೂರನೆಯದರ ಸಹಾಯದಿಂದ ತಂತಿಯ ರೋಧವನ್ನು ಅಳೆದು ಕಳೆದುಬಿಡಬಹುದು.

ಅಳತೆ ಬಂದ ಮೇಲೆ ತೀರ್ಮಾನ ಮಾಡುವುದು ಪಿಐಡಿ ಎಂಬ ನಿಯಂತ್ರಕ. ಹಾಲು ಕಾಯಿಸುವ ಅನುಭವಸ್ಥ ಗೃಹಿಣಿ ಏನು ಮಾಡುತ್ತಾಳೋ ಇದೂ ಅದನ್ನೇ ಮಾಡುತ್ತದೆ. ಹಾಲು ತಣ್ಣಗಿದ್ದರೆ ಉರಿ ಜೋರು, ಬಿಸಿಯಾದಂತೆ ಉರಿ ಸಣ್ಣ. ಇದು ಅನುಪಾತದ ಲೆಕ್ಕ. ಎಷ್ಟು ಹೊತ್ತಾದರೂ ಬೇಕಾದ ಬಿಸಿ ಬರದಿದ್ದರೆ ಉರಿಯನ್ನು ತುಸು ಹೆಚ್ಚಿಸುತ್ತಾಳೆ. ಇದು ಕೊರತೆಯನ್ನು ಕೂಡುತ್ತಾ ಹೋಗುವ ಅನುಕಲನ. ಹಾಲು ಸರಸರನೆ ಏರುವುದನ್ನು ಕಂಡರೆ ಉಕ್ಕುವ ಮೊದಲೇ ಉರಿ ತಗ್ಗಿಸುತ್ತಾಳೆ. ಇದು ಬದಲಾವಣೆಯ ವೇಗವನ್ನು ನೋಡುವ ಅವಕಲನ. ಪಿಯುಸಿಯಲ್ಲಿ ಕಲನಶಾಸ್ತ್ರ ಯಾವ ಉಪಯೋಗಕ್ಕೆ ಎಂದು ಕೇಳುವ ಮಕ್ಕಳಿಗೆ ಇಲ್ಲೊಂದು ಉತ್ತರವಿದೆ. ಈ ಮೂರೂ ಲೆಕ್ಕಗಳನ್ನು ಸೇರಿಸಿ ಗಣಿತದ ರೂಪ ಕೊಟ್ಟವನು ರಷ್ಯದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ನಿಕೊಲಾಸ್ ಮಿನೋರ್ಸ್ಕಿ. 1922ರಲ್ಲಿ ಅವನು ಬರೆದದ್ದು ಹಡಗಿನ ಚುಕ್ಕಾಣಿಯ ಬಗ್ಗೆ. ನುರಿತ ನಾವಿಕರು ಹಡಗನ್ನು ಹೇಗೆ ತಿರುಗಿಸುತ್ತಾರೆ ಎಂದು ಗಮನಿಸಿಯೇ ಅವನು ಈ ವಿಚಾರ ಬೆಳೆಸಿದ.

ನಿಯಂತ್ರಕದ ಆಜ್ಞೆಯಂತೆ 23 ಆಂಪಿಯರನ್ನು ಬಿಟ್ಟು ಹಿಡಿಯುವ ಕೆಲಸ ಸಾಲಿಡ್ ಸ್ಟೇಟ್ ರಿಲೇಯದು. ಅದರಲ್ಲಿ ಚಲಿಸುವ ಭಾಗವಿಲ್ಲ, ಸದ್ದಿಲ್ಲ, ಸವೆತವಿಲ್ಲ. ಆದರೆ ಎರಡು ಅವಗುಣಗಳಿವೆ. ಪ್ರವಾಹ ಹರಿಯುವಾಗ ಅದರಲ್ಲೇ ಸುಮಾರು 30 ವ್ಯಾಟ್ ಶಾಖ ಹುಟ್ಟುತ್ತದೆ, ಆದ್ದರಿಂದ ಅಲ್ಯುಮಿನಿಯಮ್ಮಿನ ರೆಕ್ಕೆಗಳಿರುವ ತಟ್ಟೆಯ ಮೇಲೆ ಅದನ್ನು ಕೂರಿಸಲೇಬೇಕು. ಎರಡನೆಯದು ಹೆಚ್ಚು ಗಂಭೀರ. ಅದು ಕೆಟ್ಟಾಗ ಸಾಮಾನ್ಯವಾಗಿ 'ಆನ್' ಸ್ಥಿತಿಯಲ್ಲೇ ಕೆಡುತ್ತದೆ. ನಿಯಂತ್ರಕ ನಿಲ್ಲಿಸು ಎಂದರೂ ಎಲಿಮೆಂಟ್ ಉರಿಯುತ್ತಲೇ ಇರುತ್ತದೆ.

ಇದರ ಜೊತೆಗೆ ಅಮೆರಿಕದ ವಿದ್ಯುತ್ ಪದ್ಧತಿಯ ಒಂದು ವಿಶೇಷವೂ ಸೇರುತ್ತದೆ. ಅಲ್ಲಿನ 240 ವೋಲ್ಟಿನಲ್ಲಿ ನ್ಯೂಟ್ರಲ್ ಇಲ್ಲ, ಎರಡೂ ತಂತಿಗಳು ಜೀವಂತ. ಭೂಮಿಗೆ ಹೋಲಿಸಿದರೆ ಒಂದೊಂದರಲ್ಲೂ 120 ವೋಲ್ಟ್. ರಿಲೇ ಇವುಗಳಲ್ಲಿ ಒಂದನ್ನು ಮಾತ್ರ ತಡೆಯುತ್ತದೆ. ಅಂದರೆ ಆರಿದಂತೆ ಕಾಣುವ ಎಲಿಮೆಂಟಿನಲ್ಲೂ 120 ವೋಲ್ಟ್ ಕಾದು ಕುಳಿತಿರುತ್ತದೆ. ಹಾಗಾಗಿ ಬಲ್ಲವರು ರಿಲೇಯ ಹಿಂದೆ ಒಂದು ಕಾಂಟ್ಯಾಕ್ಟರ್ ಇಡುತ್ತಾರೆ. ಹಳ್ಳಿಯ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯೊಳಗೆ 'ಕಟಕ್' ಎಂದು ಸದ್ದು ಮಾಡುವುದು ಇದೇ ಸಾಧನ. ಪೆಟ್ಟಿಗೆಯ ಮುಖದ ಕೆಂಪು ಗುಂಡಿ ಒತ್ತಿದೊಡನೆ ಅದು ಎರಡೂ ತಂತಿಗಳನ್ನು ಒಟ್ಟಿಗೆ ಕಡಿಯುತ್ತದೆ.

ನೀರು, ಉಕ್ಕಿನ ಪಾತ್ರೆ, ಒದ್ದೆ ಕೈ, ವಿದ್ಯುತ್ತು ಒಂದೇ ಕಡೆ ಸೇರಿದಾಗ ಕೊನೆಯ ಕಾವಲುಗಾರ ಇನ್ನೊಬ್ಬನಿದ್ದಾನೆ. ಎಲಿಮೆಂಟಿನ ಹೊರಕವಚ ಸೀಳಿದರೆ ಪ್ರವಾಹದ ಒಂದು ಪಾಲು ಪಾತ್ರೆಗೆ ಸೋರಬಹುದು. ಹೋದ ಪ್ರವಾಹ, ಬಂದ ಪ್ರವಾಹ ಸಮನಾಗಿದೆಯೇ ಎಂದು ಸದಾ ತೂಗುತ್ತ, ವ್ಯತ್ಯಾಸ ಕಂಡೊಡನೆ ಕಡಿಯುವ ಸಾಧನವನ್ನು 1961ರಲ್ಲಿ ರೂಪಿಸಿದವನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್‌ಜಿಯೆಲ್. ತಂತಿ ಹಿಡಿದ ಮನುಷ್ಯ ತನ್ನ ಇಚ್ಛೆಯಿಂದ ಕೈ ಬಿಡಲು ಎಷ್ಟು ಪ್ರವಾಹದವರೆಗೆ ಸಾಧ್ಯ ಎಂಬುದನ್ನು ಅವನು ಅಳೆದಿದ್ದ. ಸರಾಸರಿ ಗಂಡಸರಿಗೆ 16 ಮಿಲಿಆಂಪಿಯರ್, ಹೆಂಗಸರಿಗೆ 10.5. ಎಲಿಮೆಂಟಿನ 22.9 ಆಂಪಿಯರ್ ಎಲ್ಲಿ, ಇದೆಲ್ಲಿ! ಜೀವ ತೆಗೆಯಲು ಸಾಕಾಗುವ ಪ್ರವಾಹ ಯಾವ ಎಂಸಿಬಿಗೂ ಕಾಣದಷ್ಟು ಸಣ್ಣದು. ಅಮೆರಿಕದಲ್ಲಿ ಮನುಷ್ಯರ ರಕ್ಷಣೆಗೆ ಇಡುವ ಈ ಸಾಧನ ಸುಮಾರು 5 ಮಿಲಿಆಂಪಿಯರ್ ಸೋರಿಕೆಗೇ ಕಡಿದುಕೊಳ್ಳುತ್ತದೆ. ಭಾರತದ ಮನೆಗಳಲ್ಲಿ ಇದರ ಬಂಧು 30 ಮಿಲಿಆಂಪಿಯರಿನ ಆರ್‌ಸಿಸಿಬಿ.

ಕಟ್ಟುವ ಕ್ರಮದಲ್ಲೂ ಒಂದು ಶಿಸ್ತಿದೆ. ಮೊದಲು ಕಾಗದದ ಮೇಲೆ ಪೂರ್ಣ ನಕ್ಷೆ. ಪ್ರತಿ ತಂತಿಗೂ ಎರಡೂ ತುದಿಯಲ್ಲಿ ಒಂದೇ ನಂಬರು. ದಪ್ಪ ವಿದ್ಯುತ್ ತಂತಿಗಳು ಒಂದು ಪಕ್ಕ, ಸಂವೇದಕದ ತಂತಿಗಳು ದೂರದಲ್ಲಿ ಇನ್ನೊಂದು ಪಕ್ಕ. ಅರ್ಥ್ ತಂತಿ ಪೆಟ್ಟಿಗೆಗೆ, ಪಾತ್ರೆಗೆ ಮಾತ್ರವಲ್ಲ, ಪೆಟ್ಟಿಗೆಯ ಬಾಗಿಲಿಗೂ ಬೇರೆಯಾಗಿ ಹೋಗಬೇಕು. ಬಾಗಿಲಿನ ಕೀಲನ್ನು ನಂಬುವಂತಿಲ್ಲ. ವಿದ್ಯುತ್ ಕೊಡುವ ಮೊದಲು ಮಲ್ಟಿಮೀಟರಿನಿಂದ ಒಂದೊಂದು ದಾರಿಯನ್ನೂ ನೋಡಬೇಕು. ಗೋಡೆಯಿಂದ ಪೆಟ್ಟಿಗೆಗೆ ಬರುವ ಮಾರ್ಗವನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನನೇ ಹಾಕಬೇಕು. ನೀರಿಲ್ಲದೆ ಎಲಿಮೆಂಟನ್ನು ಕ್ಷಣವೂ ಉರಿಸಬಾರದು.

ಈ ಪಾಠಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಯೇನೂ ಇಲ್ಲ. ಬಚ್ಚಲುಮನೆಯ 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ 8.7 ಆಂಪಿಯರ್ ಎಳೆಯುತ್ತದೆ. ಅದರ ಪ್ಲಗ್ಗು ಮುಟ್ಟಿದರೆ ಬಿಸಿಯಾಗಿದೆಯೇ, ಪಿನ್ ಕಪ್ಪಾಗಿದೆಯೇ? ಹಾಗಿದ್ದರೆ ಜೂಲನ ನಿಯಮ ತಪ್ಪು ಜಾಗದಲ್ಲಿ ಕೆಲಸ ಮಾಡುತ್ತಿದೆ ಎಂದು ಅರ್ಥ. ಸಾಕೆಟ್ಟಿಗೆ ಹೋಗುತ್ತಿಲ್ಲವೆಂದು ಮೂರನೆಯ ಪಿನ್ ಕಿತ್ತುಹಾಕಿದ ಪ್ಲಗ್ಗುಗಳು ಎಷ್ಟೋ ಮನೆಗಳಲ್ಲಿವೆ. ಬಕೆಟ್ಟಿನ ನೀರು ಕಾದಿದೆಯೇ ಎಂದು, ಹೀಟರ್ ಕಾಯಿಲ್ ಉರಿಯುತ್ತಿರುವಾಗಲೇ ಬೆರಳು ಅದ್ದಿ ನೋಡುವವರೂ ಇದ್ದಾರೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು. ಆರ್‌ಸಿಸಿಬಿಯ ಮೇಲಿರುವ 'ಟೆಸ್ಟ್' ಗುಂಡಿಯನ್ನು ಆಗಾಗ ಒತ್ತಿ, ಅದು ಕಡಿದುಕೊಳ್ಳುತ್ತದೆಯೇ ಎಂದು ನೋಡುವ ಕೆಲಸವನ್ನು ದೊಡ್ಡವರು ಮರೆಯಬಾರದು.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇಂಥದ್ದೊಂದನ್ನು ಕಟ್ಟಬೇಕೆಂಬ ಆಸೆ ಹುಟ್ಟಿದ ಮಕ್ಕಳು ಮನೆಯ ಕರೆಂಟಿನ ಹತ್ತಿರ ಸುಳಿಯದೆಯೇ ಅದನ್ನು ಮಾಡಬಹುದು. 12 ವೋಲ್ಟಿನ ಬ್ಯಾಟರಿ, ಅದಕ್ಕೊಂದು ಫ್ಯೂಸ್, ಕಾರಿನ ಚಿಕ್ಕ ಬಲ್ಬು, ಒಂದು ಬಿಸ್ಕತ್ತಿನ ತಗಡಿನ ಡಬ್ಬಿ, ಡಿಗ್ರಿಗೆ 10 ಮಿಲಿವೋಲ್ಟ್ ಕೊಡುವ ಎಲ್‌ಎಂ35 ಎಂಬ ಸಂವೇದಕ ಸಾಕು. ಡಬ್ಬಿಯೊಳಗಿನ ಗಾಳಿಯನ್ನು 38 ಡಿಗ್ರಿಯಲ್ಲಿ ಅರ್ಧ ಗಂಟೆ ನಿಲ್ಲಿಸುವುದು ಗುರಿ. ಬಲ್ಬನ್ನು ಬರೀ ಹೊತ್ತಿಸಿ ಆರಿಸಿದರೆ ಉಷ್ಣತೆ ಮೇಲೆ ಕೆಳಗೆ ಓಲಾಡುವುದನ್ನು ಅವರೇ ಕಾಣುತ್ತಾರೆ. ಅದನ್ನು ತಣಿಸಲು ಅನುಪಾತ, ಅನುಕಲನ, ಅವಕಲನಗಳನ್ನು ಒಂದೊಂದಾಗಿ ಸೇರಿಸುತ್ತ ಹೋಗಬಹುದು. ಮಗ ಅಥವಾ ಮಗಳು ತಂತಿ, ಸ್ಕ್ರೂಡ್ರೈವರ್ ಹಿಡಿದು ಕುಳಿತಾಗ ತಂದೆ ತಾಯಿ ಗದರಿಸಿ ಎಬ್ಬಿಸುವುದಕ್ಕಿಂತ ಪಕ್ಕದಲ್ಲಿ ಕುಳಿತು, "ಈ ಸ್ಕ್ರೂ ಎಳೆದು ನೋಡಿದೆಯಾ?" ಎಂದು ಕೇಳುವುದು ಮೇಲು.