ಹಿಮದೂರಿನ ಅಂಗಳವೂ ಮೇಸ್ತ್ರಿಯ ಕೂಲಿಯೂ

ಲೇಹ್ ಪಟ್ಟಣವು ಸಮುದ್ರಮಟ್ಟಕ್ಕಿಂತ ಸುಮಾರು 3,500 ಮೀಟರು ಎತ್ತರದಲ್ಲಿದೆ. 1974ರಲ್ಲಿ ಲಡಾಖ್ ಸೀಮೆಯನ್ನು ಪ್ರವಾಸಿಗಳಿಗೆ ತೆರೆದ ಮೇಲೆ ಅಲ್ಲಿ ಹೋಟೆಲುಗಳೂ ವಸತಿಗೃಹಗಳೂ ಒಂದರ ಬೆನ್ನಿಗೊಂದು ಎದ್ದುವು. ಹೋಟೆಲೆಂದ ಮೇಲೆ ಬಿಸಿಲಿಗೆ ಕುರ್ಚಿ ಹಾಕಿ ಚಹಾ ಕೊಡುವುದಕ್ಕೆ ಒಂದು ಅಂಗಳ ಬೇಕೇ ಬೇಕು. ಅದನ್ನು ಕಾಂಕ್ರೀಟಿನಲ್ಲಿ ಮಾಡುವಾಗ ಚಳಿಯ ಲೆಕ್ಕ ಹಿಡಿಯದೆ ಹೋದರೆ ಕೆಲವೇ ಚಳಿಗಾಲ ಕಳೆಯುವಷ್ಟರಲ್ಲಿ ಮೇಲ್ಮೈ ಹಪ್ಪಳದಂತೆ ಏಳುತ್ತದೆ, ಒಳಗಿನ ಜಲ್ಲಿ ಹಲ್ಲು ತೋರಿಸುತ್ತದೆ. ಅನಂತರ ದುರಸ್ತಿಯ ಮಾತು ಬರುತ್ತದೆ. ದುರಸ್ತಿಯ ಬೆನ್ನಿಗೆ ಕೂಲಿಯ ಜಗಳವೂ ಬರುತ್ತದೆ.

ಮುಂಬಯಿಯಲ್ಲಿ ಕುಳಿತ ನಮಗೆ ಲೇಹಿನ ಅಂಗಳದ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ನಮ್ಮ ಸಂಘದವರೊಬ್ಬರು ಒಂದು ಹಂಗಾಮಿನ ಮಟ್ಟಿಗೆ ಅಲ್ಲಿಯ ಹೋಟೆಲೊಂದಕ್ಕೆ ಅಡಿಗೆಯ ಕೆಲಸಕ್ಕೆ ಹೋಗಿದ್ದರು. ಅಲ್ಲಿ ಝಾರ್ಖಂಡದಿಂದ ಬಂದ ಮೇಸ್ತ್ರಿಯೊಬ್ಬನಿಂದ ಹಳೆಯ ಅಂಗಳದ ಮೇಲೆ ಹೊಸ ಪದರ ಹಾಕಿಸಿದರಂತೆ. ಮುಂದಿನ ಬೇಸಿಗೆಯಲ್ಲಿ ಅವನು ಬಾಕಿ ಕೇಳಲು ಬಂದಾಗ, ಎದ್ದುಹೋದ ಸಿಮೆಂಟಿನ ಚಕ್ಕೆಯನ್ನು ಅವನ ಕೈಗೇ ಕೊಟ್ಟು ಬರಿಗೈಯಲ್ಲಿ ಕಳುಹಿಸಿದರಂತೆ. ಇದು ನಮ್ಮವರಿಗೆ ಹೊಸ ರಾಗವಲ್ಲ. ಆದುದರಿಂದ ತಪ್ಪು ಎಲ್ಲಿ ಹುಟ್ಟಿತೆಂಬುದನ್ನು ತುಸು ಬಿಡಿಸಿ ನೋಡುವುದು ಅಗತ್ಯ.

ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಕಾಂಕ್ರೀಟು ಕಲ್ಲಿನಂತೆ ಕಂಡರೂ ಅದರೊಳಗೆ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಹಗಲಿನ ಬಿಸಿಲಿಗೆ ಮಾಡಿನ ಹಿಮ ಕರಗಿ ಅಂಗಳಕ್ಕೆ ತೊಟ್ಟಿಕ್ಕುತ್ತದೆ, ರಂಧ್ರಕ್ಕಿಳಿಯುತ್ತದೆ. ರಾತ್ರಿ ಅದೇ ನೀರು ಮಂಜುಗಡ್ಡೆಯಾಗಿ ಒಳಗಿನಿಂದ ಒತ್ತುತ್ತದೆ. ಮರುದಿನ ಮತ್ತೆ ಕರಗುತ್ತದೆ, ಮತ್ತೆ ಗಟ್ಟಿಯಾಗುತ್ತದೆ. ಎಡೆಬಿಡದ ಚಳಿಗಿಂತಲೂ ಈ ಹೋಗುಬರುವಿಕೆಯೇ ಕಾಂಕ್ರೀಟಿಗೆ ಹೆಚ್ಚು ಮಾರಕ. ಅಮೆರಿಕದ ಡೆನ್ವರ್ ನಗರವು 5,280 ಅಡಿ ಎತ್ತರದಲ್ಲಿದೆ, ಎಂದರೆ ಲೇಹಿನ ಅರ್ಧದಷ್ಟೂ ಇಲ್ಲ. ಆದರೂ ಅಲ್ಲಿ ಚಳಿಗಾಲದಲ್ಲಿ ಹಗಲು ಬಿಸಿಲು, ಇರುಳು ಹೆಪ್ಪು ಎಂಬ ಆಟ ಮೇಲಿಂದ ಮೇಲೆ ನಡೆಯುವುದರಿಂದ ಮನೆಯ ಹಿಂದಿನ ಕಾಂಕ್ರೀಟು ಅಂಗಳದ ದುರಸ್ತಿಯೇ ಒಂದು ಪ್ರತ್ಯೇಕ ಕಸಬಾಗಿ ಬೆಳೆದಿದೆ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. 1930ರ ದಶಕದಲ್ಲಿಯೇ ಅಮೆರಿಕದ ರಸ್ತೆಗಳಲ್ಲಿ ಇದು ಕಂಡುಬಂತು. ಅರೆಯುವಾಗ ಕೊಬ್ಬಿನಂಥ ವಸ್ತು ಬೆರೆತ ಸಿಮೆಂಟಿನ ಕಾಂಕ್ರೀಟು ಚಳಿಗೆ ಹೆಚ್ಚು ಬಾಳಿತು, ಏಕೆಂದರೆ ಅದರಲ್ಲಿ ನವಿರಾದ ಗಾಳಿಗುಳ್ಳೆಗಳು ಉಳಿದಿದ್ದುವು. ಹಿಗ್ಗುವ ನೀರಿಗೆ ಆ ಗುಳ್ಳೆಗಳು ಜಾಗ ಕೊಡುತ್ತವೆ. ಇಂದು ಅದಕ್ಕೆಂದೇ ದ್ರಾವಣ ಸಿಗುತ್ತದೆ, ಕಲಸುವಾಗ ಸ್ವಲ್ಪ ಬೆರೆಸಿದರೆ ಸಾಕು. ಆದರೆ ಅದನ್ನು ತರಿಸಿಕೊಡಬೇಕಾದವನು ಮಾಲೀಕ, ಕರಣೆ ಹಿಡಿದವನಲ್ಲ.

ಇನ್ನು ಅಲ್ಲಿಯ ಗಾಳಿಯ ವಿಷಯ. ಎತ್ತರದಲ್ಲಿ ಗಾಳಿ ತೆಳುವು, ಒಣಕಲು, ಬಿಸಿಲು ತೀಕ್ಷ್ಣ. ಲೇಹಿನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದಿಲ್ಲವೆಂದು ನಮ್ಮ ಅಡಿಗೆಯವರು ಗೊಣಗಿದ್ದು ಸುಳ್ಳಲ್ಲ. ಅಲ್ಲಿ ಹಾಕಿದ ಕಾಂಕ್ರೀಟಿನ ಮೇಲ್ಮೈಯ ತೇವ ಗಂಟೆಗಳೊಳಗೆ ಹಾರಿಹೋಗುತ್ತದೆ, ಕೂದಲೆಳೆಯ ಬಿರುಕು ಬೀಳುತ್ತದೆ. ಕಲಸಿದ್ದು ಬೇಗ ಬಿಗಿಯಿತೆಂದು ಮತ್ತೆ ನೀರು ಸುರಿಯುವುದು, ಮೇಲೆ ನೀರು ಚಿಮುಕಿಸಿ ಕರಣೆಯಿಂದ ತಿಕ್ಕಿ ನುಣುಪು ಮಾಡುವುದು ಎಲ್ಲ ಕಡೆಯೂ ಇರುವ ಚಾಳಿ. ಚಳಿಯೂರಿನಲ್ಲಿ ಅದು ಅಂಗಳದ ಮರಣಶಾಸನ. 50 ಕಿಲೋ ಸಿಮೆಂಟಿನ ಚೀಲಕ್ಕೆ, ಮರಳಿನ ತೇವವನ್ನೂ ಸೇರಿಸಿ, 22 ಲೀಟರಿನ ಸುಮಾರಿಗೆ ನೀರು ಸಾಕು. ಅದರ ಮೇಲೆ ಸುರಿದ ಪ್ರತಿ ತಂಬಿಗೆಯೂ ಕಡೆಗೆ ರಂಧ್ರವಾಗಿ ಉಳಿಯುತ್ತದೆ.

ಮೇಸ್ತ್ರಿ ಏಕೆ ಹಾಗೆ ಮಾಡುತ್ತಾನೆ? ಸಂಜೆಯೊಳಗೆ ಮುಗಿಸು ಎಂದು ಮೇಲಿನಿಂದ ಒತ್ತಾಯ. ಲಡಾಖಿನಲ್ಲಿ ಕಟ್ಟಡ ಕೆಲಸದ ಹಂಗಾಮು ಬೇಸಿಗೆಯ ಕೆಲವೇ ತಿಂಗಳು, ಪ್ರವಾಸಿಗಳು ಬರುವುದೂ ಅದೇ ತಿಂಗಳುಗಳಲ್ಲಿ. ಗಿರಾಕಿ ಇರುವಾಗ ಅಂಗಳ ಅಗೆಯಲು ಧಣಿಗೆ ಮನಸ್ಸಿಲ್ಲ. ಗಿರಾಕಿ ಇಳಿದ ಮೇಲೆ, ರಾತ್ರಿ ಹೆಪ್ಪುಗಟ್ಟುವ ಅಕ್ಟೋಬರಿನಲ್ಲಿ, ಕೆಲಸಕ್ಕೆ ಕರೆಯುತ್ತಾನೆ. ಭಾರತೀಯ ಮಾನಕದಂತೆ 5 ಡಿಗ್ರಿಗಿಂತ ಕೆಳಗೆ ಮಾಡುವ ಕಾಂಕ್ರೀಟಿಗೆ ವಿಶೇಷ ಜಾಗ್ರತೆ ಬೇಕು. ಬಿಗಿಯುವ ಮುನ್ನವೇ ಹೆಪ್ಪುಗಟ್ಟಿದರೆ ಕಾಂಕ್ರೀಟು ತನ್ನ ಬಲದಲ್ಲಿ ಅರ್ಧದವರೆಗೂ ಕಳೆದುಕೊಳ್ಳಬಹುದು. ಹೀಗೆ ಹೋದ ಬಲ ಮತ್ತೆ ಎಷ್ಟು ನೀರುಣಿಸಿದರೂ ಬರುವುದಿಲ್ಲ.

ದುರಸ್ತಿಯ ಕ್ರಮವನ್ನು ತಿಳಿದವರು ಹೇಳುವುದು ಹೀಗೆ. ಮೊದಲು ಸುತ್ತಿಗೆಯಿಂದ ಅಂಗಳವನ್ನೆಲ್ಲ ತಟ್ಟಿ ನೋಡಬೇಕು. ಗಟ್ಟಿ ಸದ್ದು ಬಂದಲ್ಲಿ ಬಿಡಬಹುದು, ಟೊಳ್ಳು ಸದ್ದು ಬಂದಷ್ಟೂ ಉಳಿಯಿಂದ ಕಡಿದು ತೆಗೆಯಬೇಕು. ಬಿರುಕಿನ ಒಂದು ಮಗ್ಗುಲು ಮೇಲೆದ್ದು ಇನ್ನೊಂದು ತಗ್ಗಿದ್ದರೆ ದೋಷ ಮೇಲ್ಮೈಯದಲ್ಲ, ನೆಲದ್ದು. ಕೆಳಗಿನ ಒದ್ದೆ ಮಣ್ಣು ಹೆಪ್ಪುಗಟ್ಟಿ ಹಲಗೆಯನ್ನೇ ಎತ್ತಿರುತ್ತದೆ. ಅದರ ಮೇಲೆ ಎಂಥ ಲೇಪ ಬಳಿದರೂ ದುಡ್ಡು ದಂಡ. ಅಷ್ಟು ಭಾಗವನ್ನು ಒಡೆದು, ಜಲ್ಲಿ ತುಂಬಿ, ನೀರಿಗೆ ಹೋಗಲು ದಾರಿ ಮಾಡಿ ಹೊಸದಾಗಿ ಹಾಕಬೇಕು. ಅಂಗಳ ಗಟ್ಟಿಯಿದ್ದು ಮೇಲ್ಮೈ ಮಾತ್ರ ಎದ್ದಿದ್ದರೆ ಆಗ ಹೊಸ ಪದರದ ಮಾತು. ತಂತಿ ಬ್ರಷ್ಷಿನಿಂದ ತಿಕ್ಕಿ, ಧೂಳು ಎಣ್ಣೆಜಿಡ್ಡು ತೊಳೆದು, ಹಳೆಯ ಕಾಂಕ್ರೀಟಿಗೆ ಹೊಟ್ಟೆ ತುಂಬ ನೀರು ಕುಡಿಸಿ, ಮೇಲೆ ನಿಂತ ನೀರನ್ನು ಒರಸಿ ತೆಗೆದು, ಸಿಮೆಂಟಿನ ಹಾಲು ಬಳಿದು ಅದು ಒಣಗುವ ಮೊದಲೇ ಪದರ ಹಾಕತಕ್ಕದ್ದು. ಬರಿಯ ಮರಳು ಸಿಮೆಂಟಿನ ಕಾಲಂಗುಲದ ಲೇಪ ಚಳಿಗೆ ನಿಲ್ಲದು. ತೆಳುವಾಗಿಯೇ ಬೇಕಿದ್ದರೆ ಪಾಲಿಮರ್ ಬೆರೆತ ಸಿದ್ಧ ಸಿಮೆಂಟು ಇದೆ, ಬೆಲೆ ಹೆಚ್ಚು. ಹಳೆಯ ಸಂದುಗಳನ್ನು ಮುಚ್ಚದೆ ಹೊಸ ಪದರದಲ್ಲಿಯೂ ಅದೇ ಜಾಗದಲ್ಲಿ ಬಿಡಬೇಕು, ಇಲ್ಲವಾದರೆ ಅಂಗಳ ತಾನೇ ಬಿರಿದು ಸಂದು ಮಾಡಿಕೊಳ್ಳುತ್ತದೆ. ಗೋಡೆಯಿಂದ ಹೊರಕ್ಕೆ 10 ಅಡಿಗೆ ಎರಡು ಎರಡೂವರೆ ಅಂಗುಲ ಇಳಿಜಾರು ಕೊಡಬೇಕು. ಕನ್ನಡಿಯ ನುಣುಪು ಬೇಡ, ಪೊರಕೆ ಎಳೆದ ಒರಟೇ ಲೇಸು. ಚಹಾದ ತಟ್ಟೆ ಹಿಡಿದ ಮಾಣಿ ಜಾರಿ ಬೀಳುವುದೂ ತಪ್ಪುತ್ತದೆ.

ಇಷ್ಟಾದ ಮೇಲೆ ಉಳಿದದ್ದು ನೀರುಣಿಸುವ ಕೆಲಸ. ನಮ್ಮ ಮಾನಕವು ಸಾಧಾರಣ ಸಿಮೆಂಟಿಗೆ ಕಡಿಮೆಯೆಂದರೆ 7 ದಿನ, ಮಿಶ್ರ ಸಿಮೆಂಟಿಗೆ 10 ದಿನ ತೇವ ಕಾಯಬೇಕೆಂದು ವಿಧಿಸಿದೆ. ಚಳಿಯಲ್ಲಿ ಸಿಮೆಂಟು ನಿಧಾನವಾಗಿ ಬಲಿಯುವುದರಿಂದ ಈ ಅವಧಿ ಇನ್ನೂ ಬೆಳೆಯುತ್ತದೆ. ಹಗಲು ಒಣಗದಂತೆ ಕಾಯಬೇಕು. ರಾತ್ರಿ ಹೆಪ್ಪುಗಟ್ಟದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅದರ ಮೇಲೆ ಒಣಹುಲ್ಲು, ಒಣಗಿದ ಗೋಣಿತಾಟು ಹೇರಬೇಕು. ಈ ದಿನಗಳ ಕೂಲಿಯನ್ನು ಯಾರು ಕೊಡುತ್ತಾರೆ? ಪದರ ಹಾಕಿದ ಸಂಜೆಗೇ ಲೆಕ್ಕ ಮುಗಿಸಿದರೆ ಮೇಸ್ತ್ರಿ ಬೇರೆ ಕೆಲಸಕ್ಕೆ ಹೋಗಲೇಬೇಕು, ಅವನಿಗೂ ಹೊಟ್ಟೆಯಿದೆ. ಅಂಗಳ ಅನಾಥವಾಗುತ್ತದೆ. ಕಾಯುವ ದಿನಗಳೂ ಕೆಲಸದ ದಿನಗಳೇ, ಅವುಗಳಿಗೂ ಕೂಲಿ ಸಲ್ಲಬೇಕು ಎಂಬುದೇ ನಮ್ಮ ಮುಖ್ಯ ವಾದ. ಅದನ್ನು ಉಳಿಸಿದ ಧಣಿಗೆ ಅಂಗಳ ಎದ್ದುಹೋಯಿತೆಂದು ಬಾಕಿ ಹಿಡಿಯುವ ಹಕ್ಕಿಲ್ಲ.

ಗಿರಣಿಗಳಲ್ಲಿ ದುಡಿದ ನಮ್ಮ ಹಿರಿಯರು ಇದನ್ನು ಬಲ್ಲರು. ನೂಲೇ ಕೆಟ್ಟದಿದ್ದರೂ ಬಟ್ಟೆಯಲ್ಲಿ ದೋಷ ಕಂಡರೆ ಆ ಬಟ್ಟೆಯನ್ನು ನೇಕಾರನ ತಲೆಗೆ ಕಟ್ಟಿ ಅದರ ಬೆಲೆಯನ್ನು ಪಗಾರದಲ್ಲಿ ಮುರಿದುಕೊಳ್ಳುವ ಪದ್ಧತಿ ಮುಂಬಯಿಯ ಗಿರಣಿಗಳಲ್ಲಿತ್ತು. 1920ರ ದಶಕದ ಕಾಮಗಾರರ ದೂರುಗಳಲ್ಲಿ ಅದೂ ಒಂದು. 1936ರ ವೇತನ ಪಾವತಿ ಕಾನೂನು ಇಂಥ ಕಡಿತಕ್ಕೆ ಕಡಿವಾಣ ಹಾಕಿತು. ಕೆಲಸಗಾರನ ಅಲಕ್ಷ್ಯದಿಂದಲೇ ನಷ್ಟವಾಗಿರಬೇಕು, ಕಡಿತವು ನಷ್ಟವನ್ನು ಮೀರಬಾರದು, ಅವನ ಸಮಜಾಯಿಷಿ ಕೇಳದೆ ಮುರಿಯಬಾರದು ಎಂದಿತು. 2019ರ ವೇತನ ಸಂಹಿತೆಯಲ್ಲಿಯೂ ಈ ಮಾತು ಉಳಿದಿದೆ. ಆದರೆ ಬಾಯಿಮಾತಿನ ಗುತ್ತಿಗೆಯ ಮೇಲೆ ನೂರಾರು ಹರದಾರಿ ದೂರ ಬಂದವನು ಯಾವ ಕಾಗದ ಹಿಡಿದು ಯಾರ ಬಾಗಿಲಿಗೆ ಹೋಗಬೇಕು?

ಆದುದರಿಂದ ಕೆಲಸ ಹಿಡಿಯುವ ಮುನ್ನ ನಾಲ್ಕು ಸಾಲು ಬರೆಸಿಕೊಳ್ಳುವುದು ಲೇಸು: ಯಾವ ತಾರೀಕಿಗೆ ಪದರ ಹಾಕಿದ್ದು, ಸಾಮಾನು ಒದಗಿಸಿದವರು ಯಾರು, ಟೊಳ್ಳಾದ ಭಾಗ ಕಡಿಯಲು ಒಪ್ಪಿದರೋ ಬೇಡವೆಂದರೋ, ಎಷ್ಟು ದಿನ ಕಾಯುವುದಕ್ಕೆ ಎಷ್ಟು ಕೂಲಿ. ಮೇಸ್ತ್ರಿಗೆ ಅಕ್ಷರ ಬಾರದಿದ್ದರೆ ಹೋಟೆಲಿನ ಗಲ್ಲೆಯಲ್ಲಿ ಕುಳಿತ ನಮ್ಮ ಹುಡುಗರು ಬರೆದುಕೊಡಬಹುದು. ಅಡಿಗೆಮನೆಯವರು ಮಾಡಬೇಕಾದದ್ದೂ ಒಂದುಂಟು. ಪಾತ್ರೆ ತೊಳೆದ ನೀರನ್ನು ಅಂಗಳಕ್ಕೆ ಚೆಲ್ಲದೆ ಮೋರಿಗೇ ಸುರಿಯಬೇಕು. ಮಂಜುಗಡ್ಡೆ ಕರಗಲೆಂದು ಉಪ್ಪು ಎರಚಲೇಬಾರದು. ಉಪ್ಪುನೀರು ಕುಡಿದ ಕಾಂಕ್ರೀಟಿನ ಮೇಲ್ಮೈ ಇನ್ನೂ ಬೇಗ ಚಕ್ಕೆಯೇಳುತ್ತದೆ, ಅದರ ಲೆಕ್ಕವೂ ಮೇಸ್ತ್ರಿಯ ತಲೆಗೇ ಹೋಗುತ್ತದೆ. ಜಾರದಂತೆ ಮರಳು ಹರಡಿದರೆ ಸಾಕು.